ಗೇಮಿನ ಕಂಪ್ಯೂಟರಿಗೆ ಒಂದು ತಂಬಿಗೆ ನೀರು

ಸೃಷ್ಟಿ, ಓಂಕಾರ,

ನಿಮ್ಮಪ್ಪನನ್ನು ಹೆತ್ತ ಈ ನಿಮ್ಮ ಆಯಿ ಎದುರಿಗೆ ಕೂತು ಮಾತಾಡುವವಳಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮನೆಗೆ ಹೊರಗಿನವರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಅವರು ಬಿಟ್ಟ ಚಪ್ಪಲಿ ನೋಡಿಯೇ ಯಾರೆಂದು ಗುರುತಿಸುವ ಹೆಂಗಸು ನಾನು. ಸೀರೆ ಅಂಗಡಿಯಲ್ಲಿ ‘ಇನ್ನೊಂದು ತೋರಿಸಿ’ ಎನ್ನಲು ನಾಚಿಕೆಯಾಗಿ, ಅಂಗಡಿಯವನು ಬಿಚ್ಚಿದ ಮೊದಲನೆಯ ಸೀರೆಯನ್ನೇ ಜೀವನವಿಡೀ ಉಟ್ಟಿದ್ದೇನೆ. ಆದರೆ ಅಂಕಲಗಿಯ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಳೆಯ ಮುಂದೆ ನನಗೆ ನಾಚಿಕೆಯಿಲ್ಲ. ಅದು ತಿರುಗಿ ನನ್ನ ಮುಖ ನೋಡುವುದಿಲ್ಲವಲ್ಲ. ಹೋದ ತಿಂಗಳು ನಿಮ್ಮ ಗೇಮಿನ ಕಂಪ್ಯೂಟರಿನ ಗದ್ದಲದಲ್ಲಿ ನನ್ನ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅವತ್ತು ಹೇಳಿದ್ದು ಅರ್ಧ. ಉಳಿದ ಅರ್ಧಕ್ಕಾಗಿ ಈ ಹಾಳೆ.

ಕಂಪ್ಯೂಟರೂ ಟಿವಿಯ ಹಾಗೆ ಒಂದೇ ಡಬ್ಬಿಯಲ್ಲಿ ಬರುತ್ತದೆ ಎಂದು ನಾನು ತಿಳಿದಿದ್ದೆ. ನಿಮ್ಮದು ತುಂಡುತುಂಡಾಗಿ ಬಂತು. ಸೃಷ್ಟಿ ಗೋಕಾಕದ ಕಾಲೇಜಿನಿಂದ ಬರುವಾಗಲೆಲ್ಲ ಕಂಕುಳಲ್ಲೊಂದು ಡಬ್ಬಿ. ಕೊನೆಯ ಡಬ್ಬಿ ಬಂದ ದಿನ ಪಡಸಾಲೆಯ ತುಂಬ ಹರವಿಕೊಂಡು ಕೂತು, “ಎಲ್ಲಾ ಬಂತು ಆಯಿ, ಇನ್ನ ಜೋಡಸೂದ ಅಷ್ಟ” ಎಂದಳು.

ಆ ಮಾತನ್ನು ನಾನು ಬಲ್ಲೆ. ಪ್ರತಿ ಮದುವೆಯ ಹಿಂದಿನ ದಿನ ಯಾರಾದರೊಬ್ಬರು ಅದನ್ನು ಆಡುತ್ತಾರೆ, ಮರುದಿನ ಅಕ್ಷತೆಗೆ ಬಟ್ಟಲು ಸಿಗುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಹುಕ್ಕೇರಿಯ ಸಂತೆಯಿಂದ ಎಮ್ಮೆ ಹೊಡೆದುಕೊಂಡು ಬಂದ. ‘ಎಮ್ಮಿ ಬಂತು, ಇನ್ನ ಹಾಲ ಕುಡಿಯೂದ ಅಷ್ಟ’ ಎಂದಿದ್ದ ಅವನೂ. ಹಗ್ಗ ಸಂತೆಯವನು ಬಿಚ್ಚಿಕೊಂಡಿದ್ದ, ಹಗ್ಗ ಬೇಕಾಯಿತು. ಹಗ್ಗಕ್ಕೆ ಗೂಟ ಬೇಕಾಯಿತು. ಹಾಲಿಗೆ ಗಡಿಗೆ, ಮೊಸರಿಗೆ ಕಡಗೋಲು, ಕಡಗೋಲಿಗೆ ಮತ್ತೆ ಹಗ್ಗ, ಬೆಣ್ಣೆಗೆ ನೆಲುವು. ಕೊನೆಗೆ ಬೆಕ್ಕೊಂದು ತಾನಾಗಿಯೇ ಬಂತು. ಒಂಟಿಯಾಗಿ ಬದುಕುವ ವಸ್ತು ಲೋಕದಲ್ಲಿಲ್ಲ. ಪ್ರತಿಯೊಂದೂ ತನ್ನ ಬಳಗವನ್ನು ಊರಲ್ಲಿ ಬಿಟ್ಟು ಮೊದಲು ತಾನು ಬರುತ್ತದೆ, ಆಮೇಲೆ ಒಬ್ಬೊಬ್ಬರನ್ನೇ ಕರೆಸಿಕೊಳ್ಳುತ್ತದೆ.

ನಿಮ್ಮ ಕಂಪ್ಯೂಟರಿನ ಬಳಗವೂ ಹಾಗೆಯೇ ಬರತೊಡಗಿತು. ಪರದೆಗೆ ಒಂದು ನಮೂನೆಯ ಬಾಯಿ, ಚಿತ್ರ ಕಳಿಸುವ ಕಾರ್ಡಿಗೆ ಇನ್ನೊಂದು ನಮೂನೆಯ ಬಾಯಿ, ಎರಡಕ್ಕೂ ಹೊಂದುವ ಕೇಬಲ್ಲು ಡಬ್ಬಿಯಲ್ಲಿರಲಿಲ್ಲ. ಸೃಷ್ಟಿ ಗೋಕಾಕದಿಂದ ತಂದಳು. ಹಳೆಯ ಹಾರ್ಡ್‌ಡಿಸ್ಕಿನಲ್ಲಿದ್ದ ಫೋಟೋಗಳಿಗಾಗಿ ಗೇಣುದ್ದದ ಕೆಂಪು ವೈರು ಬೇಕೆಂದಿರಿ. ಅದು ಗೋಕಾಕದಲ್ಲಿ ಸಿಗದೆ ನಿಮ್ಮಪ್ಪ ಕಬ್ಬಿನ ಕೆಲಸಕ್ಕೆ ಸಂಕೇಶ್ವರಕ್ಕೆ ಹೋದಾಗ ತರಬೇಕಾಯಿತು. ವೈಫೈ ಹಿಡಿಯಲು ಹುಣಿಸೆ ಬೀಜದಷ್ಟು ದೊಡ್ಡದೊಂದು ವಸ್ತು ಬಂದು, ಬಂದ ದಿನವೇ ಕಳೆದು, ಕಸಬರಿಗೆಯಲ್ಲಿ ಸಿಕ್ಕಿತು. ತಲೆನೋವಿನ ಮುಲಾಮಿನಂಥ ಬೂದು ಬಣ್ಣದ ಪೇಸ್ಟನ್ನು ಚಿಪ್ಪಿನ ಮೇಲೆ ಸಾಸಿವೆ ಕಾಳಿನಷ್ಟು ಹಚ್ಚಬೇಕೋ ಅವರೆ ಕಾಳಿನಷ್ಟೋ ಎಂದು ಅಕ್ಕತಮ್ಮಂದಿರು ಎರಡು ತಾಸು ಜಗಳಾಡಿದಿರಿ. ಕೊನೆಗೆ ಕರೆಂಟಿನ ಪ್ಲಗ್ಗು ಗಿರಣಿಯ ಪ್ಲಗ್ಗಿನಷ್ಟು ದಪ್ಪ ಬಂದು, ನಮ್ಮ ಗೋಡೆಯ ತೂತಿಗೆ ಹಿಡಿಸದೆ, ಹೊಸ ಬೋರ್ಡು ಕೂರಿಸಬೇಕಾಯಿತು. ಪ್ರತಿ ವೈರಿನ ಜತೆಗೆ ನಿಮ್ಮಪ್ಪನನ್ನು ತಣ್ಣಗಾಗಿಸಲು ಸೃಷ್ಟಿ ಒಂದು ಡಬ್ಬಿ ಕರದಂಟು ತರುತ್ತಿದ್ದಳು. ವೈರು ಮುಗಿಯುವಷ್ಟರಲ್ಲಿ ಅವನು ದಪ್ಪಗಾಗಿದ್ದ. ಖಾಲಿ ಡಬ್ಬಿಗಳಲ್ಲಿ ಉಳಿದ ಸ್ಕ್ರೂಗಳನ್ನೆಲ್ಲ ನಾನು ತುಂಬಿಟ್ಟೆ. ವೈರುಗಳನ್ನು ಒಟ್ಟುಗೂಡಿಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಸಾಲದಿದ್ದಾಗ ಕೌದಿ ಹೊಲಿಯುವ ದಾರ ಕೊಟ್ಟವಳೂ ನಾನೇ. ನನ್ನ ಕೊಡುಗೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಸೃಷ್ಟಿ ಗುಂಡಿ ಒತ್ತಿದಳು. ಗಾಜಿನ ಪೆಟ್ಟಿಗೆಯೊಳಗೆ ಫ್ಯಾನುಗಳು ಬಣ್ಣಬಣ್ಣವಾಗಿ ತಿರುಗಿದವು, ಗಣಪತಿಯ ಮಂಟಪ ಇಟ್ಟ ಹಾಗೆ. ಒಂದು ತಾಸು ಮನೆಯಲ್ಲಿ ಹಬ್ಬ. ಆಮೇಲೆ ಓಂಕಾರ ಬರಿಗಾಲಲ್ಲಿ ಬಂದು ಪೆಟ್ಟಿಗೆ ಮುಟ್ಟಿ, “ಯವ್ವಾ” ಎಂದು ಹಾರಿದ.

“ಝುಂ ಅಂತೈತಿ” ಎಂದ.

ಮುಟ್ಟಿದವರಿಗೆಲ್ಲ ಝುಂ ಎಂದಿತು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಲ್ಲಿ ಜೇನುಹುಳು ಹೊಕ್ಕ ಹಾಗೆ ಗುಂಯ್ ಎಂಬ ಸದ್ದು. ಆಟದಲ್ಲಿ ಜೊತೆಗೂಡುವ ಸೃಷ್ಟಿಯ ಗೆಳತಿಯರು ಅಲ್ಲಿಂದ, “ನಿಮ್ಮ ಮನ್ಯಾಗ ಮಿಕ್ಸರ್ ಚಾಲೂ ಐತೇನ?” ಎಂದು ಕೇಳಿದರಂತೆ.

ನಿಮ್ಮಪ್ಪ ಮೀಸೆಯ ಮೇಲೆ ಕೈಯಿಟ್ಟ. “ಹುಡಗಿ ಜೋಡಿಸಿದ್ದು. ಎಲ್ಲೋ ಒಂದ ವೈರ್ ಅದಲಬದಲ ಆಗೇತಿ. ಜೀವಕ್ಕಿಂತ ಆಟ ದೊಡ್ಡದಲ್ಲ. ಸೋಮವಾರ ಎಲ್ಲಾ ಬಿಚ್ಚಿ ಅಂಗಡಿಗೆ ಹೊಳ್ಳಿ ಕೊಟ್ಟಬರೂದ.” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಸೃಷ್ಟಿ ಅಡುಗೆಮನೆಗೆ ಬಂದು ನನ್ನ ಬಾಜೂ ಕೂತು ಗೋಡೆ ನೋಡುತ್ತ, “ನಾಕ ಸಲ ಬಿಚ್ಚಿ ಜೋಡಿಸೇನಿ ಆಯಿ. ನನ್ನ ವೈರ್ ಒಂದೂ ತಪ್ಪಿಲ್ಲ. ಹುಡಗಿ ಜೋಡಿಸಿದ್ದು ಅಂದಬಿಟ್ಟ್ರ ಮುಗೀತೇನು?” ಎಂದಳು. ನಾನು ಬೆಲ್ಲ ಕೊಟ್ಟೆ. ನಾಚಿಕೆಯವರ ಕೈಯಲ್ಲಿ ಯಾವಾಗಲೂ ಬೆಲ್ಲವಿರುತ್ತದೆ.

ರವಿವಾರ ನಮ್ಮ ನಾಗನೂರಿನ ವೈರ್‌ಮನ್ ದಸ್ತಗೀರ ಬಂದ. ನಾನು ಬಾಗಿಲ ಹಿಂದೆ, ಅವನ ಒಂದು ಚಪ್ಪಲಿಯ ಉಂಗುಟ ಹರಿದದ್ದು ಕಾಣುತ್ತಿತ್ತು. ಅವನು ಟೆಸ್ಟರ್ ಹಿಡಿದು ಪೆಟ್ಟಿಗೆ ಮುಟ್ಟಿದ, ದೀಪ ಹತ್ತಿತು. ಫ್ರಿಜ್ ಮುಟ್ಟಿದ, ಅಲ್ಲಿಯೂ ಹತ್ತಿತು. “ಫ್ರಿಜ್ ಹಿಡದ್ರ ಚುರ್ ಅನ್ನೂದಿಲ್ಲೇನ್ರಿ?” ಎಂದು ನಿಮ್ಮವ್ವನನ್ನು ಕೇಳಿದ.

“ಮೊದಲಿಂದಾನೂ ಅಂತೈತ್ರಿ. ನಾ ಚಪ್ಪಲ್ ಹಾಕ್ಕೊಂಡ ತಗೀತೇನಿ” ಎಂದಳು ಅವಳು, ಅದು ಫ್ರಿಜ್ಜುಗಳ ಸ್ವಭಾವ ಎಂಬಂತೆ.

“ಹಂಗಾರ ಹುಡಗೀದೇನೂ ತಪ್ಪಿಲ್ಲ ಬಿಡ್ರಿ. ಮಷೀನಿಂದ ಸೋರೂ ಕರೆಂಟ್ ಭೂಮಿಗೆ ಇಳಿಯೂದು ಅರ್ಥಿಂಗ್ ವೈರಿನಾಗ. ನಿಮ್ಮ ವೈರ್ ನೆಲದಾಗ ಹೋಗೇತಿ, ಮುಂದ ಎಲ್ಲಿ ಹೋಗೇತೋ ತಿಳೀವಲ್ದು. ಅರ್ಥಿಂಗಿನ ಪೈಪ್ ಎಲ್ಲಿ ಹುಗದಾರ್ರಿ? ಅದು ಸಿಗಲಿಲ್ಲಂದ್ರ ಈ ಮಷೀನ ಇಟಗೋಬ್ಯಾಡ್ರಿ.”

“ಅಪ್ಪ ಮಾಡಿಸಿದ್ದು. ಅಂವಗ ಗೊತ್ತಿತ್ತು” ಎಂದ ನಿಮ್ಮಪ್ಪ.

ಗೊತ್ತಿದ್ದ ಇನ್ನೊಬ್ಬಳು ಬಾಗಿಲ ಹಿಂದೆ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಯಾಕೆ ಕಚ್ಚಿಕೊಂಡಿದ್ದಳು ಎಂದರೆ, ಆ ಪೈಪಿನ ಜತೆ ಅವಳದೊಂದು ಮರ್ಯಾದೆಯ ಪ್ರಶ್ನೆಯೂ ಹುಗಿದಿತ್ತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹಿತ್ತಲಿನ ಬದಿಯಲ್ಲಿ ನಿಮ್ಮ ಅಜ್ಜನ ಹಿಟ್ಟಿನ ಗಿರಣಿ ಇತ್ತು. ಬಂದ ಮೂರನೆಯ ದಿನ ಅವರು ಹಿತ್ತಲಿನ ಮೂಲೆಯಲ್ಲಿ ನೆಲದಿಂದ ಗೇಣುದ್ದ ಎದ್ದ ಕಬ್ಬಿಣದ ಪೈಪು ತೋರಿಸಿ, “ದಿನಾ ಮುಂಜಾನಿ ಇದಕ್ಕ ಒಂದ ತಂಬಗಿ ನೀರ ಹಾಕು. ಒಂದ ದಿನಾನೂ ತಪ್ಪಸಬ್ಯಾಡ” ಎಂದು ಹೇಳಿ ಗಿರಣಿಗೆ ಹೋದರು. ಯಾಕೆ ಎಂದು ಕೇಳಬಹುದಿತ್ತು. ಆದರೆ ಮದುವೆಯಾಗಿ ಮೂರು ದಿನವಾಗಿತ್ತು, ನಾನಿನ್ನೂ ಅವರ ಮುಖ ಸರಿಯಾಗಿ ನೋಡಿರಲಿಲ್ಲ. ದಿನಾ ಮುಂಜಾನೆ, ತಪ್ಪಿಸದೆ, ನೀರು ಎಂದರೆ ಅದು ದೇವರಲ್ಲದೆ ಇನ್ನೇನು? ಕೆಲವರ ಮನೆದೇವರು ಕಲ್ಲು, ಕೆಲವರದು ಹುತ್ತ, ಇವರದು ಪೈಪು ಎಂದುಕೊಂಡೆ. ಸ್ನಾನ ಮಾಡಿ ಹಸಿ ಕೂದಲಲ್ಲಿ ಹೋಗಿ ನೀರು ಹಾಕಿ, ಅರಿಷಿಣ ಕುಂಕುಮ ಹಚ್ಚಿ, ಕೈಮುಗಿದು ಬರತೊಡಗಿದೆ. ಜೋಳ ಬೀಸಿಸಲು ಬಂದ ಹೆಂಗಸರು ನೋಡಿದರು. ಹೊಸ ಸೊಸೆ ಅಷ್ಟು ಭಕ್ತಿಯಿಂದ ಮುಗಿಯುತ್ತಾಳೆ ಎಂದರೆ ಸತ್ಯವುಳ್ಳ ದೇವರೇ ಇರಬೇಕು ಎಂದು ಅವರೂ ಮುಗಿದರು. ವರ್ಷ ತುಂಬುವುದರೊಳಗೆ ಅದಕ್ಕೆ ಗಿರಣೆವ್ವ ಎಂದು ಹೆಸರು ಬಿದ್ದಿತ್ತು. ಒಬ್ಬಳು ಬತ್ತಿದ ಎಮ್ಮೆಗಾಗಿ ಹರಕೆ ಹೊತ್ತಳು, ಎಮ್ಮೆ ಹಾಲು ಕೊಟ್ಟಿತು. ಇನ್ನು ಯಾರು ತಡೆಯುತ್ತಾರೆ? ನಿಮ್ಮಪ್ಪನೂ ಅದನ್ನು ದೇವರೆಂದೇ ನಂಬಿ ಬೆಳೆದ.

ಇದನ್ನೆಲ್ಲ ಈಗ ದಸ್ತಗೀರನ ಮುಂದೆ, ಮಗನ ಮುಂದೆ ಹೇಗೆ ಹೇಳುವುದು? ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಸೋಮವಾರ ಸೃಷ್ಟಿಯ ಪೆಟ್ಟಿಗೆ ಹೋಗುತ್ತಿತ್ತು. ನಾನು ಬಾಗಿಲ ಸಂದಿಯಿಂದ ಅವಳ ಕೈ ನೋಡಿದೆ. ಸ್ಕ್ರೂ ಡ್ರೈವರ್ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು.

“ಹಿತ್ತಲದಾಗ ಐತಿ” ಎಂದೆ. ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ದನಿ ಎಷ್ಟು ಜೋರಾಗಿ ಹೊರಟಿತೆಂದರೆ ಬೆಚ್ಚಿದವಳು ನಾನೇ. “ಹಿತ್ತಲದಾಗ, ಗಿರಣಿ ಹಳೇ ಕಲ್ಲ ಇಟ್ಟಾರಲ್ಲ, ಅದರ ಬುಡಕ ಐತಿ.”

ಎರಡು ಬೀಸುವ ಕಲ್ಲು ಸರಿಸಿದಾಗ ಪೈಪು ಸಿಕ್ಕಿತು. ಸುತ್ತ ಮಣ್ಣು ಬೂದಿಯ ಹಾಗೆ ಒಣಗಿತ್ತು. ದಸ್ತಗೀರ ಉಗುರಿನಿಂದ ಕೆರೆದು ನೋಡಿದ. “ಇದ ತುಕ್ಕೋ ಕುಂಕುಮೋ? ಅರ್ಥಿಂಗಿಗೆ ಕುಂಕುಮ ಯಾರ ಹಚ್ಚ್ಯಾರ್ರಿ?”

ಎಲ್ಲರೂ ನನ್ನ ಕಡೆ ತಿರುಗಿದಿರಿ. ಹೇಳಿದೆ. ಓಂಕಾರ ನೆಲಕ್ಕೆ ಕೂತು ನಕ್ಕ. ನಿಮ್ಮಪ್ಪ ಮೀಸೆಯೊಳಗೆ ನಗಲು ನೋಡಿ ಸೋತ. ದಸ್ತಗೀರ ಮಾತ್ರ ಉಗುರಿಗೆ ಹತ್ತಿದ ಕುಂಕುಮ ನೋಡಿಕೊಂಡು, “ಅವ್ವಾರ, ನಾ ಸಣ್ಣಾಂವ ಇದ್ದಾಗ ಜ್ವರ ಬಂದ್ರ ನಮ್ಮ ಅಮ್ಮಾ ಇಲ್ಲೇ ಬಂದು ಸಕ್ಕರಿ ಹಂಚತಿದ್ಲರಿ. ಅಂದ್ರ ನನ್ನ ಜ್ವರಾ ಅರ್ಥಿಂಗ್ ಆಗಿ ಹೋತೇನ್ರಿ?” ಎಂದ. ಆಗ ನಾನೂ ನಕ್ಕೆ, ಪರಗಂಡಸಿನ ಎದುರಿಗೆ, ಬಾಯಿಗೆ ಸೆರಗು ಅಡ್ಡ ಹಿಡಿಯದೆ.

ಅವನು ಸುತ್ತ ಅಗೆದು, ತೇವ ನಿಲ್ಲಲೆಂದು ಉಪ್ಪು ಇದ್ದಿಲು ತುಂಬಿ, ತುಕ್ಕು ಹಿಡಿದ ಬೋಲ್ಟು ಬದಲಿಸಿ, ನಾಲ್ಕು ಕೊಡ ನೀರು ಹೊಯ್ಯಿಸಿದ. ಟೆಸ್ಟರಿನ ದೀಪ ಹತ್ತಲಿಲ್ಲ. ಗುಂಯ್ ನಿಂತಿತು. ನಿಮ್ಮವ್ವ ಬರಿಗಾಲಲ್ಲಿ ಫ್ರಿಜ್ ತೆಗೆದು, ಏನೂ ಆಗದ್ದಕ್ಕೆ ಸ್ವಲ್ಪ ನಿರಾಶೆಯಿಂದ ಮುಚ್ಚಿದಳು. ನಿಮ್ಮಪ್ಪ ಸೃಷ್ಟಿಯ ಕಡೆ ನೋಡದೆ, “ವೈರ್ ಭಾಳ ಚಂದ ಕಟ್ಟೀದಿ” ಎಂದ. ಅಪ್ಪಂದಿರು ತಪ್ಪಾಯಿತು ಎನ್ನುವ ಕ್ರಮ ಅದು.

ಇಲ್ಲಿಯವರೆಗಿನದು ನಿಮಗೆ ಗೊತ್ತು. ಉಳಿದದ್ದು ಇದು.

ಮದುವೆಯಾದ ಮರುವರ್ಷ ಬೇಸಿಗೆಯಲ್ಲಿ ನಿಮ್ಮ ಅಜ್ಜ ಉಪ್ಪು ಇದ್ದಿಲು ಬದಲಿಸಲು ಗುದ್ದಲಿ ಹಿಡಿದು ಬಂದರೆ, ಜೋಳದ ಬುಟ್ಟಿ ಹೊತ್ತ ಹೆಂಗಸರು ಅಡ್ಡ ನಿಂತರು. ಗಿರಣೆವ್ವನ ಜಾಗ ಅಗೆಯಬಾರದು ಎಂದರು. ನಿಮ್ಮ ಅಜ್ಜ ಕುಂಕುಮ ನೋಡಿದರು, ಬಾಗಿಲ ಹಿಂದಿದ್ದ ನನ್ನ ಕಾಲು ನೋಡಿದರು, ಎಲ್ಲ ತಿಳಿಯಿತು. ಅವರು ಅಲ್ಲಿ ಒಂದು ಮಾತಿನಲ್ಲಿ ನನ್ನನ್ನು ಊರಿನ ನಗೆ ಮಾಡಬಹುದಿತ್ತು. ಹಾಗೆ ಮಾಡದೆ ಚಪ್ಪಲಿ ಬಿಟ್ಟು, ಕೈಮುಗಿದು, “ಈ ದೇವಿಗೆ ವರ್ಷಕ್ಕೊಮ್ಮಿ ಉಪ್ಪು ಇದ್ದಲಿ ನೈವೇದ್ಯ ಆಗಬೇಕ್ರಿ” ಎಂದು ಆ ಹೆಂಗಸರಿಗೆ ಹೇಳಿ, ಗಂಭೀರವಾಗಿ ಅಗೆದು ತುಂಬಿದರು. ಆಮೇಲೆ ಮಣ್ಣು ಹಸಿಯಾಗಿದ್ದರೆ ಮಾತ್ರ ಸೋರಿದ ಕರೆಂಟು ಭೂಮಿಗೆ ಇಳಿಯುತ್ತದೆ ಎಂಬುದನ್ನು ನನಗೊಬ್ಬಳಿಗೇ ತಿಳಿಸಿ ಹೇಳಿ, “ನೀರ ಮಾತ್ರ ಬಿಡಬ್ಯಾಡ. ಪೂಜಾ ನಿನ್ನ ಖುಷಿ” ಎಂದರು. ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ನಾನು ಗೊತ್ತಿದ್ದೂ ಕುಂಕುಮ ಹಚ್ಚುವುದನ್ನು ಬಿಡಲಿಲ್ಲ.

ಅವರು ಹೋದ ಮೇಲೆ ಕುಂಕುಮ ಮುಟ್ಟುವ ಕೈ ನನ್ನದಲ್ಲ ಎಂದುಕೊಂಡು ಆ ಮೂಲೆಗೆ ಹೋಗುವುದನ್ನೇ ಬಿಟ್ಟೆ. ಕುಂಕುಮದ ಜತೆಗೆ ನೀರೂ ನಿಂತಿತು. ಆಮೇಲೆ ಬಂದ ಫ್ರಿಜ್ಜು ಚುರ್ ಎಂದದ್ದಕ್ಕೆ, ನಿಮ್ಮ ಪೆಟ್ಟಿಗೆ ಝುಂ ಎಂದದ್ದಕ್ಕೆ ಕಾರಣ ಯಾವ ವೈರೂ ಅಲ್ಲ, ಸೃಷ್ಟಿ, ನಾನು. ಪೈಪಿಗೆ ಬೇಕಾಗಿದ್ದುದು ನೀರು. ನೀರು ಹಾಕುವವಳ ಹಣೆ ಹೇಗಿದೆ ಎಂದು ಅದು ಯಾವತ್ತೂ ಕೇಳಿರಲಿಲ್ಲ. ಕೇಳಿಕೊಂಡವಳು ನಾನೊಬ್ಬಳೇ.

ಈಗ ಮತ್ತೆ ದಿನಾ ಮುಂಜಾನೆ ಹೋಗುತ್ತೇನೆ. ಸೃಷ್ಟಿ ಗೋಡೆಗೆ ಅಂಟಿಸಿದ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಕೇಬಲ್ಲು, ಪೇಸ್ಟು, ಪ್ಲಗ್ಗುಗಳ ಕೆಳಗೆ ಕೊನೆಯದಾಗಿ ‘ಆಯಿಯ ತಂಬಿಗೆ’ ಎಂದು ಬರೆದದ್ದನ್ನು ನಾನು ನೋಡಿದ್ದೇನೆ, ನೋಡಿಲ್ಲ ಎಂಬಂತೆ ಇದ್ದೇನೆ. ನಾನಿಲ್ಲದ ದಿನ ನಿಮ್ಮಲ್ಲಿ ಯಾರಾದರೂ ಹಾಕಿ. ಕೈಮುಗಿಯುವುದು ನಿಮ್ಮ ಖುಷಿ.

ಈ ಹಾಳೆಗಳನ್ನು ಸ್ಕ್ರೂ ತುಂಬಿಟ್ಟ ಕರದಂಟಿನ ಡಬ್ಬಿಯಲ್ಲಿ, ಉಳಿದ ವೈರುಗಳ ಕೆಳಗೆ ಇಟ್ಟಿದ್ದೇನೆ. ಎಂದಾದರೂ ಯಾವುದೋ ಕೇಬಲ್ಲು ಹುಡುಕುವಾಗ ನಿಮಗೆ ಸಿಗುತ್ತವೆ. ಸಿಕ್ಕರೆ ಕಳೆಯಬೇಡಿ. ಪೈಪಿಗೆ ನೀರು ತಪ್ಪಬಾರದು, ವೈರಿಗೆ ನೀರು ತಾಗಬಾರದು. ಹಾಳೆಗಳು ವೈರಿನ ಬಳಗದವು, ಒಣ ಜಾಗದಲ್ಲಿ ಜೋಪಾನವಾಗಿಡಿ.