ಗುಂಯ್ ಎನ್ನದ ಆಂಪ್

ಚಿಟುಂಗ್ವಿಜಾ ಊರಿನಲ್ಲಿ ಬೇಸ್ ಗಿಟಾರ್ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಮುರಂಬಿವಾನಷ್ಟು ಪುಕ್ಕಲು ಮಾತ್ರ ಇನ್ನೊಬ್ಬನಿಲ್ಲ. ಕಾರ್ಯಕ್ರಮಕ್ಕೆ ಬಂದನೆಂದರೆ ಮೊದಲು ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಯ, ಅಂದರೆ ಆಂಪಿನ, ಪ್ಲಗ್ ಬಿಚ್ಚಿ ಒಳಗಿನ ತಂತಿಗಳನ್ನು ನೋಡುತ್ತಾನೆ. ಬಿಸಿಲು ನೆತ್ತಿ ಸುಡುತ್ತಿದ್ದರೂ ಕಾಲಿಗೆ ರಬ್ಬರ್ ಬೂಟು. ಆಮೇಲೆ ಎಡಗೈಯಲ್ಲಿ ಗಿಟಾರಿನ ತಂತಿ ಹಿಡಿದು ಬಲಗೈಯ ಹಿಂಬದಿಯನ್ನು ಮೈಕಿಗೆ ಸೋಕಿಸುತ್ತಾನೆ. ಅಂಗೈ ಸೋಕಿಸುವ ಹಾಗಿಲ್ಲ. ಕರೆಂಟು ಇದ್ದರೆ ಬೆರಳುಗಳು ಮಡಚಿ ಮೈಕನ್ನು ಹಿಡಿದುಕೊಂಡುಬಿಡುತ್ತವೆ, ಬಿಡಿಸಲು ಆಗುವುದಿಲ್ಲ. ಹಿಂಬದಿಯಾದರೆ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಇಷ್ಟಾಗಿ ಅವನು ಹಾಡುವವನೂ ಅಲ್ಲ. ಬಿಯರ್ ಹಿಡಿದು ಕಾಯುತ್ತಿದ್ದ ಜನ, "ಲೋ, ಮೈಕಿನ ಕೆನ್ನೆ ಸವರಿದ್ದು ಸಾಕು, ಶುರು ಮಾಡೋ!" ಎಂದು ಕೂಗುತ್ತಾರೆ. ಅವನು ತಲೆ ಎತ್ತುವುದಿಲ್ಲ.

ನಗುವವರಿಗೇನು, ನಗುತ್ತಾರೆ. ಮುಫಾರೊ ಸತ್ತದ್ದನ್ನು ಅವರು ನೋಡಿಲ್ಲ.

ಮುಫಾರೊ ಎಂದರೆ ಮುರಂಬಿವಾನ ಅಣ್ಣ. ನಮ್ಮ ಕಡೆಯ ಗಿಟಾರ್ ಕುಣಿತದ ಸುಂಗುರಾ ಸಂಗೀತದಲ್ಲಿ ಬೇಸ್ ನುಡಿಸುವವನು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ನಿಲ್ಲುತ್ತಾನೆ. ಮುಫಾರೊ ನುಡಿಸುತ್ತಲೇ ಹಾಡುತ್ತಿದ್ದ. ಈಸ್ಟರ್ ರಜೆಯ ಒಂದು ಮಧ್ಯಾಹ್ನ, ಬಿಯರ್ ಹಾಲ್‌ನ ಅಂಗಳ ಮಳೆಗೆ ನೆಂದಿತ್ತು. ಮುಫಾರೊ ಮೈಕಿಗೆ ತುಟಿ ತಾಗಿಸಿದವನು ಹಾಗೇ ಅಂಟಿಕೊಂಡ. ಭುಜ ಅದುರಿತು, ಮೊಣಕಾಲು ಕುಣಿಯಿತು. ಅದೊಂದು ಹೊಸ ಕುಣಿತವೆಂದು ಜನ ಸಿಳ್ಳೆ ಹೊಡೆದರು, ಕೆಲವರು ಅವನಂತೆಯೇ ಮೈ ಅದುರಿಸಿದರು. ಹಿಂದೆ ಕುಳಿತು ಡ್ರಮ್ ಬಾರಿಸುತ್ತಿದ್ದ ಮುರಂಬಿವಾ ಕೂಡ ಅಣ್ಣ ಇವತ್ತು ಭಾರೀ ಹುರುಪಿನಲ್ಲಿದ್ದಾನೆ ಎಂದುಕೊಂಡು ತಾಳ ಏರಿಸಿದ. ಅಣ್ಣ ಸಾಯುತ್ತಿದ್ದ, ತಮ್ಮ ಅದಕ್ಕೆ ತಾಳ ಹಾಕುತ್ತಿದ್ದ. ಅಂದಿನಿಂದ ಅವನು ಡ್ರಮ್ ಮುಟ್ಟಲಿಲ್ಲ. ಅಣ್ಣನ ಬೇಸನ್ನು ಹೆಗಲಿಗೆ ಹಾಕಿಕೊಂಡ, ಜೊತೆಗೆ ಆ ಭಯವನ್ನೂ.

ಈಗ ಅದೇ ಬೇಸನ್ನು ಮಗಳು ರುರಾಮಾಯ್ ಕಲಿತಿದ್ದಾಳೆ. ಕಲಿತರೆ ಕಲಿಯಲಿ, ಇವಳು ಹಾಡುವುದನ್ನೂ ಕಲಿತಳು. ದೊಡ್ಡಪ್ಪನ ಹಾಗೆ ಎರಡೂ ಒಟ್ಟಿಗೆ. ಆ ಭಾನುವಾರ ಸಂಜೆ ಫುಟ್‌ಬಾಲ್ ಮೈದಾನದ ಆಚೆಯ ಬಾರಿನ ತೋಟದಲ್ಲಿ ಅವಳ ಮೊದಲ ಕಾರ್ಯಕ್ರಮವಿತ್ತು. ಬೆಳಿಗ್ಗೆ ಅವಳು ಅಪ್ಪನಿಗೆ ನೇರವಾಗಿ ಹೇಳಿಬಿಟ್ಟಳು.

"ಬಾಬಾ, ದಯವಿಟ್ಟು ನೀವು ಬರಬೇಡಿ. ನೀವು ಆ ಬೂಟು ಹಾಕ್ಕೊಂಡು ಬಂದು ಪ್ಲಗ್ ಬಿಚ್ಚೋಕೆ ಕೂತ್ರೆ ನನ್ನ ಕೈಕಾಲೇ ಆಡಲ್ಲ."

"ನನ್ನ ಆಂಪ್ ಆದ್ರೂ ತಗೊಂಡು ಹೋಗಮ್ಮ."

"ಅದು ಜೇನುಗೂಡಿನ ಥರ ಗುಂಯ್ ಅಂತಿರುತ್ತೆ. ನಾನು ಬೇರೆ ಹೊಂದಿಸಿಕೊಂಡಿದ್ದೀನಿ. ಬರಲ್ಲ ಅಂತ ಮಾತು ಕೊಡಿ."

ಕೊಟ್ಟ. ಕೊಡದಿದ್ದರೆ ಅವಳು ಮನೆಯಲ್ಲಿ ಇನ್ನೆಂದೂ ಗಿಟಾರ್ ವಿಷಯ ಎತ್ತುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹೀಗೆ ಮಾತು ಕೊಟ್ಟವನು ಸಂಜೆ ಹೊತ್ತು ಕಳೆಯಲಾಗದೆ, ತನ್ನ ಆಂಪನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಶುಪಿಕಾಯ್‌ನ ರಿಪೇರಿ ಅಂಗಡಿಗೆ ಬಂದ. ಭಾನುವಾರ ನಮ್ಮ ಬೇಸ್ ಗಿಟಾರಿನವರೆಲ್ಲ ಸೇರುವುದು ಅಲ್ಲೇ. ಪಕ್ಕದಲ್ಲಿ ಮಾಂಸ ಸುಡುವ ಒಲೆ, ಕೈಗೊಂದು ಬಾಟಲಿ, ಬಾಯಿಗೆ ಬೀಗವಿಲ್ಲ. ಮಳೆ ಆಗಷ್ಟೇ ನಿಂತಿತ್ತು.

"ಬೇಸಿಗೆ ಹೊಸ ತಂತಿ ಯಾಕೋ? ಹಳೇದನ್ನೇ ನೀರಲ್ಲಿ ಕುದಿಸು, ಮತ್ತೆ ಹೊಸದರ ಹಾಗೆ ನುಡಿಯುತ್ತೆ," ಎಂದ ಶುಪಿಕಾಯ್ ಅಲ್ಲಿದ್ದ ಒಬ್ಬನಿಗೆ. "ನಾನು ಮೊನ್ನೆ ಹೆಂಡತಿಯ ಸಾಡ್ಜಾ ಮುದ್ದೆ ಮಾಡೋ ಪಾತ್ರೆಯಲ್ಲೇ ಕುದಿಸಿದೆ. ರಾತ್ರಿ ಮುದ್ದೆ ತಿಂದ್ರೆ ಕಬ್ಬಿಣದ ರುಚಿ!"

"ನಿನ್ನ ಕೈಗಿಂತ ಆ ಮುದ್ದೆನೇ ಚೆನ್ನಾಗಿ ನುಡಿಸ್ತಿತ್ತು ಬಿಡು," ಎಂದರು ಸೆಕುರು ಚಿಕೊಮೊ. ಎಲ್ಲರಿಗೂ ಹಿರಿಯರು, ಎಲ್ಲರೂ ಅವರನ್ನು ಸೆಕುರು, ಅಂದರೆ ತಾತ, ಎಂದೇ ಕರೆಯುವುದು. "ನಾವು ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿ ನುಡಿಸಿದವರು ಕಣಯ್ಯ. ಗ್ವೆರು ಊರಿನಲ್ಲಿ ಒಂದ್ಸಲ ನಡುವೆ ಕರೆಂಟು ಹೋಯ್ತು. ಜನ ಹೋದ್ರಾ? ಇಲ್ಲ! ನನ್ನ ಬೇಸಿನ ಸ್ವರಾನ ಬಾಯಲ್ಲೇ ಹಾಡಿದ್ರು, ಇಡೀ ಮೈದಾನ, ಡುಂ ಡುಂ ಡುಡುಂ ಅಂತ. ಅಂಥಾ ಸಂತೋಷ ನನ್ನ ಮದುವೆ ದಿನವೂ ಆಗಿರಲಿಲ್ಲ."

ಎಲ್ಲರೂ ನಕ್ಕರು. ಮುರಂಬಿವಾ ನಗಲು ನೋಡಿದ, ಕಿವಿ ಮೈದಾನದ ಆಚೆಗಿತ್ತು. ಅದನ್ನು ಕಂಡ ಸೆಕುರು ಅವನ ಬೆನ್ನು ತಟ್ಟಿದರು.

"ಏನೂ ಯೋಚನೆ ಮಾಡಬೇಡಪ್ಪ. ನಿನ್ನ ಮಗಳಿಗೆ ನನ್ನ ಆಂಪನ್ನೇ ಕೊಟ್ಟಿದ್ದೀನಿ. ಒಂಚೂರು ಗುಂಯ್ ಅನ್ನಲ್ಲ. ಮಲಗಿದ ಮಗು."

ಮುರಂಬಿವಾ ಬಾಟಲಿ ಕೆಳಗಿಟ್ಟ. ಸೆಕುರು ಅವರ ಹಳೆಯ ಆಂಪನ್ನು ಅವನು ಬಲ್ಲ. ಅದು ಗುಂಯ್ ಎನ್ನದೆ ಇದ್ದದ್ದೇ ಇಲ್ಲ.

"ಸೆಕುರು, ಗುಂಯ್ ಅನ್ನೋದು ಹೇಗೆ ನಿಂತಿತು?"

"ಹೇಗೆ ಅಂದ್ರೆ? ಎಲ್ಲರೂ ಮಾಡೋದೇ. ಪ್ಲಗ್ ಒಳಗಿನ ಹಸಿರು ತಂತಿ ಕತ್ತರಿಸಿದೆ. ಎಷ್ಟು ತಿಂಗಳಾಯ್ತು, ನನಗೇನಾದ್ರೂ ಆಗಿದೆಯಾ?"

"ನೀವು ಯಾವತ್ತಾದ್ರೂ ಹಾಡಿದ್ದೀರಾ?"

ಸೆಕುರು ಜನ್ಮದಲ್ಲಿ ಹಾಡಿದವರಲ್ಲ. ಮೈಕನ್ನು ಮುಟ್ಟಿದವರೂ ಅಲ್ಲ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಆ ಹಸಿರು ತಂತಿ ಇಲ್ಲದಿದ್ದರೂ ಬರೀ ಗಿಟಾರಿನ ತಂತಿ ಮುಟ್ಟಿದವನಿಗೆ ಕರೆಂಟು ಸುಮ್ಮನಿರುತ್ತದೆ. ತಂತಿಯನ್ನೂ ಮೈಕನ್ನೂ ಒಟ್ಟಿಗೆ ಮುಟ್ಟಿದವನ ಮೈಯೊಳಗೇ ದಾರಿ ಮಾಡಿಕೊಳ್ಳುತ್ತದೆ. ಮುದುಕ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಬೆವರಿದಾಗ ಬೆರಳು ಜುಂ ಅಂತಿತ್ತು," ಎಂದರು ಸಣ್ಣ ದನಿಯಲ್ಲಿ. "ವಯಸ್ಸಾಯ್ತು ಅಂದ್ಕೊಂಡಿದ್ದೆ."

ಆ ಮಾತು ಮುಗಿಯುವಷ್ಟರಲ್ಲಿ ಮುರಂಬಿವಾ ರಸ್ತೆಯಲ್ಲಿದ್ದ. ರಬ್ಬರ್ ಬೂಟು ಹಾಕಿಕೊಂಡು ಓಡುವುದೆಂದರೆ ಅದೊಂದು ಪಾಡು. ಮೈದಾನವೆಲ್ಲ ಕೆಸರು. ಅರ್ಧ ದಾಟುವಷ್ಟರಲ್ಲಿ ಆ ಕಡೆಯಿಂದ ಗಿಟಾರ್ ಕೇಳಿಸಿತು. ಹಾಡು ಶುರುವಾಗಿತ್ತು.

ಸುಂಗುರಾ ಹಾಡಿನ ಚಾಳಿ ಅವನಿಗೆ ಗೊತ್ತು. ಮೊದಲು ಸಣ್ಣ ದನಿಯ ಗಿಟಾರು ಒಂದೇ ಓಡುತ್ತದೆ, ಆಮೇಲೆ ಡ್ರಮ್ ಸೇರುತ್ತದೆ, ಆಮೇಲೆ ಬೇಸ್ ಬಂದು ನೆಲ ಅದುರಿಸುತ್ತದೆ. ಹಾಡುವ ದನಿ ಬರುವುದು ಇವೆಲ್ಲ ಆದಮೇಲೆ. ದನಿ ಬರುವಾಗ ತುಟಿ ಮೈಕಿಗೆ ಹೋಗುತ್ತದೆ. ಅಷ್ಟರೊಳಗೆ ತಲುಪಬೇಕು, ಇಷ್ಟೇ ಅವನಿಗಿದ್ದ ಲೆಕ್ಕ. ಡ್ರಮ್ ಸೇರಿತು. ಅವನು ಜಾರಿ ಬಿದ್ದ, ಎದ್ದ. ಬೇಸ್ ಬಂತು. ದಪ್ಪಗೆ, ಚೊಕ್ಕವಾಗಿ, ಹಿಂದೆ ಒಂದಿಷ್ಟೂ ಗುಂಯ್ ಇಲ್ಲದೆ. ಯಾವ ತಂದೆಗೂ ಹೆಮ್ಮೆಯಾಗುವ ಹಾಗೆ ಮಗಳು ನುಡಿಸುತ್ತಿದ್ದಳು. ಅವನು ಇನ್ನೂ ಜೋರಾಗಿ ಓಡಿದ.

"ಹಾಡಬೇಡ! ರುರಾ, ಹಾಡಬೇಡ!" ಎಂದು ಕಿರುಚಿದ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಬಾರಿನ ಬೇಲಿ ಕಣ್ಣಿಗೆ ಬಿತ್ತು. ಇನ್ನೇನು ದನಿ ಬರಬೇಕು ಎನ್ನುವಾಗ ಬೇಸ್ ಇದ್ದಕ್ಕಿದ್ದಂತೆ ನಿಂತಿತು. ಡ್ರಮ್ ಎರಡು ಏಟು ಮುಂದೆ ಹೋಗಿ ತಡವರಿಸಿತು. ಒಳಗಿನಿಂದ ಒಂದು ಚೀತ್ಕಾರ. ಆಮೇಲೆ ಜನರ ನಗು. ಆಮೇಲೆ ಸಿಳ್ಳೆ.

ಆ ಸಿಳ್ಳೆ ಅವನಿಗೆ ಗೊತ್ತಿತ್ತು. ಅಣ್ಣನಿಗೆ ಹೊಡೆದದ್ದೂ ಅದೇ ಸಿಳ್ಳೆ.

ಅವನು ಬೇಲಿಯ ಕಂಬ ಹಿಡಿದು ನಿಂತ. ಒಳಗೆ ಹೋಗದಿದ್ದರೆ ಮಗಳು ಇನ್ನೂ ಬದುಕಿರುತ್ತಾಳೆ ಎಂಬ ಹುಚ್ಚು ಯೋಚನೆ ಒಂದು ಕ್ಷಣ ಬಂತು. ನಿಜ ಹೇಳಬೇಕೆಂದರೆ ಅವನನ್ನು ಒಳಗೆ ತಳ್ಳಿದ್ದು ಧೈರ್ಯವಲ್ಲ, ಹೊರಗೆ ನಿಲ್ಲಲು ಅದಕ್ಕಿಂತ ಹೆದರಿಕೆಯಾಯಿತು, ಅಷ್ಟೇ. ಜನರನ್ನು ಮೊಣಕೈಯಿಂದ ತಳ್ಳುತ್ತ ನುಗ್ಗಿದ.

ರುರಾಮಾಯ್ ನಿಂತಿದ್ದಳು. ಮೈಕಿನಿಂದ ಒಂದು ಮಾರು ದೂರ ನಿಂತು, ಬಲಗೈಯ ಹಿಂಬದಿಯನ್ನು ಬಾಯಿಯ ಹತ್ತಿರ ಹಿಡಿದು ಊದುತ್ತಿದ್ದಳು.

"ಮೈಕು ಕಚ್ಚಿತಾ ತಂಗಿ?" ಯಾರೋ ಕೂಗಿದರು. ಮತ್ತೆ ನಗು.

"ಸ್ವಿಚ್ ಆರಿಸಿ! ಯಾರೂ ಏನೂ ಮುಟ್ಟಬೇಡಿ!" ಅವಳು ಕೂಗಿದ್ದು ಥೇಟ್ ಅಪ್ಪನ ದನಿಯಲ್ಲಿ.

ಆಂಪ್ ಆರಿದ ಮೇಲೆ ಅವಳು ತಂದೆಯನ್ನು ಕಂಡಳು. ತಲೆಯಿಂದ ಕಾಲಿನವರೆಗೆ ಕೆಸರು.

"ಬರಬೇಡಿ ಅಂದಿದ್ದೆ ಅಲ್ವಾ?" ಎಂದಳು. "ಶುರುವಿಗೆ ಮುಂಚೆ ಮುಟ್ಟಿ ನೋಡೋಕೆ ನಾಚಿಕೆ ಆಯ್ತು ಬಾಬಾ. ಎಲ್ಲ ನೋಡ್ತಿದ್ರು. ಬಾಯಿ ಮೈಕಿನ ಹತ್ತಿರ ತಗೊಂಡು ಹೋದಮೇಲೆ ನಿಮ್ಮ ಮುಖ ಕಣ್ಣಿಗೆ ಬಂತು. ಕೈ ತಾನಾಗೇ ಮೇಲೆದ್ದು ತಿರುಗಿತು, ತುಟಿಗಿಂತ ಮೊದಲು ಹಿಂಬದಿ ತಾಗಿತು."

ಅವನು ಆ ಕೈಯನ್ನು ಹಿಡಿದುಕೊಂಡ. ಬಿಡಲಿಲ್ಲ.

ಅಷ್ಟರಲ್ಲಿ ಶುಪಿಕಾಯ್ ಮತ್ತು ಸೆಕುರು ಏದುಸಿರು ಬಿಡುತ್ತ ಕೈಗಾಡಿ ತಳ್ಳಿಕೊಂಡು ಬಂದರು. ಗಾಡಿಯಲ್ಲಿ ಮುರಂಬಿವಾನ ಆಂಪ್. ಸೆಕುರು ಹುಡುಗಿಯ ಮುಖ ನೋಡಲಾರದೆ ತಮ್ಮ ಆಂಪನ್ನು ತಾವೇ ಎತ್ತಿ ಹೊರಗೆ ಒಯ್ದರು. ಶುಪಿಕಾಯ್ ಆ ಜೇನುಗೂಡನ್ನು ಜೋಡಿಸಿ ಸ್ವಿಚ್ ಹಾಕಿದ್ದೇ ತಡ, ಗುಂಯ್ ಎಂದು ಶುರುವಾಯಿತು. "ಏನ್ರೀ ಇದು, ನೊಣ ಸಾಕಿದ್ದೀರಾ?" ಎಂದು ಜನ ಗೊಣಗಿದರು.

"ಬೂಟು ಕೊಡಿ," ಎಂದಳು ರುರಾಮಾಯ್.

ಅವನು ಬಿಚ್ಚಿಕೊಟ್ಟ. ಅವಳಿಗೆ ಅವು ಮೊಣಕಾಲಿನವರೆಗೆ ಬಂದವು. ಆ ಅವತಾರದಲ್ಲೇ ಎಲ್ಲರೆದುರು ತಂತಿ ಹಿಡಿದು, ಕೈಯ ಹಿಂಬದಿಯನ್ನು ಮೈಕಿಗೆ ಸೋಕಿಸಿದಳು. ಒಮ್ಮೆ, ಇನ್ನೊಮ್ಮೆ. ಈ ಸಲ ಯಾರು ನಕ್ಕರೂ ಅವಳು ತಲೆ ತಗ್ಗಿಸಲಿಲ್ಲ. ಗಿಟಾರ್ ಓಡಿತು, ಡ್ರಮ್ ಸೇರಿತು, ಬೇಸ್ ಬಂತು.

ಅವಳು ಮೈಕಿನ ಕಡೆ ಬಾಗಿದಾಗ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದ ಮುರಂಬಿವಾ ಕಣ್ಣು ಮುಚ್ಚಿಕೊಂಡ. ಬೇಸಿನ ಅಡಿಯಲ್ಲಿ ಗುಂಯ್ ಸದ್ದು ಇದೆಯೇ ಎಂದು ಹುಡುಕಿದ. ಇತ್ತು. ಅದನ್ನೇ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಮಗಳ ದನಿ ಬರುವವರೆಗೆ ಕಾದ.