ಲೆಕ್ಕಕ್ಕುಂಟು, ಹೊಟ್ಟೆಯಲ್ಲಿಲ್ಲ

ನಮ್ಮ ದೊಡ್ಡಮ್ಮನಿಗೆ ಬೀದಿಯಲ್ಲಿ ಇನ್ನೊಂದು ಹೆಸರಿದೆ: ಎಡಮಗ್ಗುಲು ಡಾಕ್ಟರು. ಏಳು ತಿಂಗಳು ತುಂಬಿದ ಯಾವ ಬಸುರಿ ಬಂದರೂ ಎಡಮಗ್ಗುಲಾಗಿ ಮಲಗಿ ಅಂತ ಹೇಳದೆ ಕಳಿಸುವುದಿಲ್ಲ, ಅದಕ್ಕೆ. ಹೋದ ರಜೆಯಲ್ಲಿ ಒಬ್ಬಾಕೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ನಿದ್ದೆಯಲ್ಲಿ ಎಲ್ಲಿ ಬಲಕ್ಕೆ ಹೊರಳಿಬಿಡುತ್ತೇನೋ ಅಂತ ಹೆದರಿ ನಾಲ್ಕು ರಾತ್ರಿ ಗೋಡೆಗೊರಗಿ ಕೂತೇ ಇದ್ದರಂತೆ. ದೊಡ್ಡಮ್ಮ ತಲೆ ಮೇಲೆ ಕೈ ಹೊತ್ತರು. ಬಲಕ್ಕೆ ಹೊರಳಿದರೆ ಆಕಾಶ ಕಳಚಿ ಬೀಳುವುದಿಲ್ಲ, ಅಂಗಾತ ಮಾತ್ರ ಬೇಡ, ಎಚ್ಚರವಾದಾಗ ಮಗ್ಗುಲು ಬದಲಾಯಿಸಿದರೆ ಆಯಿತು ಅಂತ ಹೇಳಿ, ಪರೀಕ್ಷೆ ಮಾಡುವ ಮಂಚದ ಮೇಲೆ ಅಲ್ಲೇ ಮಲಗಿಸಿದರು. ಆಕೆ ಎರಡು ಗಂಟೆ ಗೊರಕೆ ಹೊಡೆದರು. ಅಷ್ಟು ಹೊತ್ತೂ ದೊಡ್ಡಮ್ಮ ಉಳಿದವರನ್ನೆಲ್ಲ ಪಿಸುಮಾತಿನಲ್ಲೇ ನೋಡಿದರು. ಪರದೆಯ ಆಚೆ ಗೊರಕೆ, ಈಚೆ ಪಿಸಪಿಸ, ನನಗೆ ನಗು ತಡೆದುಕೊಳ್ಳುವುದೇ ಕಷ್ಟವಾಗಿತ್ತು.

ನಾನು ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಓದುತ್ತೇನೆ. ರಜೆಯಲ್ಲಿ ಮನೆಯಲ್ಲಿ ಮೊಬೈಲ್ ಉಜ್ಜುತ್ತಾ ಕೂರುವ ಬದಲು ಬಂದು ಕಾರ್ಡ್ ಬರಿ ಅಂತ ದೊಡ್ಡಮ್ಮ ಎಳೆದುಕೊಂಡು ಹೋದರು. ದೊಡ್ಡಮ್ಮನ ಹೆರಿಗೆ ಆಸ್ಪತ್ರೆ ಅಂದರೆ ಗಡಿಯಾರ ರಿಪೇರಿ ಅಂಗಡಿಯ ಹಿಂದೆ ನೆಲಮಟ್ಟದ ನಾಲ್ಕು ಕೋಣೆ. ಮೆಟ್ಟಿಲಿರುವ ಜಾಗ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ ಅಂದಿದ್ದರಂತೆ. ಉದ್ದನೆಯ ಬೆಂಚು, ಹತ್ತಿದರೆ ಟಕ್ ಅನ್ನುವ ತೂಕದ ಯಂತ್ರ, ಗೋಡೆಗೆ ಇಡೀ ವರ್ಷ ಒಂದೇ ಹಾಳೆಯಲ್ಲಿರುವ ಕ್ಯಾಲೆಂಡರ್, ಮತ್ತು ಯಾರ ಮಾತನ್ನೂ ಕೇಳದ ಒಬ್ಬ ಸಿಸ್ಟರ್. ನಾನು ಹೋದ ಮೊದಲ ದಿನವೇ ಸಿಸ್ಟರ್ ನನ್ನ ಕೈಬರಹ ನೋಡಿ, ನೀನು ಡಾಕ್ಟರಾಗಬೇಕಿತ್ತು ಕಣೇ ಅಂದರು. ಹೊಗಳಿಕೆ ಅಂದುಕೊಂಡಿದ್ದೆ.

ದೊಡ್ಡಮ್ಮ ಕೊಡುವ ಸಲಹೆಗಳಲ್ಲಿ ಔಷಧಿಯ ಮಾತು ಕಾಲುಭಾಗ ಇದ್ದರೆ ಹೆಚ್ಚು. ಇಬ್ಬರ ಊಟ ತಿನ್ನಬೇಡಿ, ಇಬ್ಬರ ನಿದ್ದೆ ಮಾಡಿ ಅನ್ನುತ್ತಾರೆ. ಹೊಟ್ಟೆ ಚೂಪಾಗಿದೆ, ಗಂಡೇ ಇರಬೇಕು ಅಂತ ಯಾರದೋ ಅತ್ತೆ ಅಂದರೆ, ಚೂಪಾಗಿದ್ದರೆ ಚೂಪು ಹೊಟ್ಟೆ ಅಷ್ಟೇ ಅಂತ ಮಾತು ಮುಗಿಸುತ್ತಾರೆ. ಮದುವೆಯಾಗಿ ಎರಡು ವರ್ಷವಾದರೂ ನಮ್ಮ ಸೊಸೆಗೆ ನಿಂತಿಲ್ಲ ಅಂತ ಒಬ್ಬರು ಬಂದಾಗ, ಹಾಗಾದರೆ ನಿಮ್ಮ ಮಗನ ಪರೀಕ್ಷೆ ಮೊದಲು ಮಾಡೋಣ, ಅದು ಸುಲಭ, ಸೂಜಿ ಕೂಡ ಬೇಡ ಅಂದರು. ಆ ಮಗ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದ. ಪೇಪರ್ ಮೆಲ್ಲಗೆ ಮುಖದ ಮೇಲಕ್ಕೆ ಏರಿತು.

ಕಾರ್ಡಿನಲ್ಲಿ ಎಲ್ಲವನ್ನೂ ನಾನು ಬರೆಯಬಹುದು, ಒಂದು ಜಾಗ ಬಿಟ್ಟು. ಕೊನೆಯ ಮುಟ್ಟಿನ ಮೊದಲ ದಿನ ಯಾವತ್ತು ಅನ್ನುವುದನ್ನು ದೊಡ್ಡಮ್ಮನೇ ಕೇಳಿ, ದೊಡ್ಡಮ್ಮನೇ ಬರೆಯಬೇಕು. ಯಾಕೆಂದರೆ ತಾರೀಖು ನೆನಪಿಟ್ಟುಕೊಂಡು ಬರುವವರು ಕಡಿಮೆ. ಒಬ್ಬರು ಗ್ಯಾಸ್ ಮುಗಿದ ಮಾರನೇ ದಿನ ಅನ್ನುತ್ತಾರೆ, ಇನ್ನೊಬ್ಬರು ಮೈದುನನ ಬೈಕ್ ಕಳುವಾದ ದಿನ ಅನ್ನುತ್ತಾರೆ. ದೊಡ್ಡಮ್ಮ ಪೊಲೀಸರ ಹಾಗೆ ಬೈಕಿನ ಬೆನ್ನು ಹತ್ತಿ ತಾರೀಖು ಹಿಡಿದೇ ಹಿಡಿಯುತ್ತಾರೆ.

ಆ ಗುರುವಾರ ಒಬ್ಬ ಶಿಶುವಿಹಾರದ ಟೀಚರ್ ಗಂಡನ ಜೊತೆ ಬಂದರು. ಮೊದಲ ಬಸಿರು. ಗಂಡ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವರು, ಎಂಟು ತಿಂಗಳು ನೀರಿನ ಮೇಲಿದ್ದು ಮನೆಗೆ ಬಂದವರು. ಇಬ್ಬರೂ ಕೂತ ಕಡೆ ಕೂರುತ್ತಿರಲಿಲ್ಲ, ಅಷ್ಟು ಖುಷಿ. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು, ದೊಡ್ಡಮ್ಮ ಓಡಿದರು. ಸಿಸ್ಟರ್ ಇವರನ್ನು ಸ್ಕ್ಯಾನಿಗೆ ಕಳಿಸಿದರು. ರಿಪೋರ್ಟ್ ಬಂತು. ಅದನ್ನು ಕೈಗೆ ಕೊಟ್ಟವಳು ನಾನು.

ಒಂಬತ್ತು ವಾರ, ಎಲ್ಲಾ ಚೆನ್ನಾಗಿದೆ, ಕಂಗ್ರಾಟ್ಸ್ ಅಂದೆ. ಗಂಡನ ನಗು ಹಾಗೇ ನಿಂತಿತು. ಬೆರಳುಗಳು ತೊಡೆಯ ಮೇಲೆ ಏನನ್ನೋ ಎಣಿಸಿದವು.

"ನಾನು ಬಂದು ಏಳು ವಾರ ಎರಡು ದಿನ ಆಯ್ತು," ಅಂದರು, ತೀರಾ ಮೆಲ್ಲಗೆ.

ನಾನು ಎಂಥ ಪೆದ್ದಿ ಅಂದರೆ, ಹೌದಾ, ಟೈಮ್ ಎಷ್ಟು ಬೇಗ ಹೋಗತ್ತೆ ಅಲ್ವಾ ಅಂದೆ.

ರಾತ್ರಿ ಹಲ್ಲುಜ್ಜುವಾಗ ತಲೆಗೆ ಹೊಳೆಯಿತು. ಒಂಬತ್ತರಲ್ಲಿ ಏಳು ಕಳೆದರೆ ಎರಡು. ಆ ಎರಡು ವಾರ ಗಂಡ ಸಮುದ್ರದಲ್ಲಿದ್ದರು. ಬಾಯಲ್ಲಿ ನೊರೆ ತುಂಬಿಕೊಂಡು ಕನ್ನಡಿ ಮುಂದೆ ನಿಂತೇ ಬಿಟ್ಟೆ. ಛೇ, ಎಷ್ಟು ಒಳ್ಳೆಯ ಮುಖ ಆ ಟೀಚರದು ಅಂದುಕೊಂಡೆ. ಅಂದರೆ ಆ ಗಂಡ ಅಂದುಕೊಂಡಿದ್ದನ್ನೇ ನಾನೂ ಅಂದುಕೊಂಡೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ದೊಡ್ಡಮ್ಮನಿಗೆ ಹೇಳಲು ಬಾಯಿ ಬರಲಿಲ್ಲ.

ಸೋಮವಾರ ಟೀಚರ್ ಮತ್ತೆ ಬಂದರು. ಬೆಂಚಿನ ಮೇಲೆ ಕೂರಲೂ ಆಗದೆ ಗೋಡೆ ಹಿಡಿದಿದ್ದರು, ಸಿಸ್ಟರ್ ಸರದಿ ಬಿಟ್ಟು ಒಳಗೆ ಕರೆತಂದರು. ತೂಕದಲ್ಲಿ ಎರಡು ಕಿಲೋ ಇಳಿದಿತ್ತು. ನಾಲಿಗೆ ಒಣಗಿತ್ತು. ಗಂಡ ಹಿಂದೆಯೇ ಬಂದರು, ಆದರೆ ಪಕ್ಕದ ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರ ನಿಂತರು.

ದೊಡ್ಡಮ್ಮ ಮಾಮೂಲಿಯಂತೆ ಕೇಳುತ್ತಾ ಹೋದರು. ವಾಂತಿ ಎಷ್ಟು ಸಲ, ನೀರು ನಿಲ್ಲುತ್ತಾ, ಏನು ತಿಂದಿರಿ. ವಾಂತಿ ಮೊದಲೂ ಇತ್ತಂತೆ, ಆದರೂ ಹೇಗೋ ತಿನ್ನುತ್ತಿದ್ದರಂತೆ. ಈ ನಾಲ್ಕು ದಿನದಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ ಅಂದರು. ದೊಡ್ಡಮ್ಮ ಗಂಡನ ಕಡೆ ತಿರುಗಿ, ನೀವೇನು ಮಾಡಿ ಕೊಟ್ಟಿರಿ ಅಂತ ಕೇಳಿದರು. ಅವರು ಗೋಡೆ ನೋಡುತ್ತಾ ಬೇರೆಯೇ ಏನೋ ಕೇಳಿದರು.

"ಮೇಡಂ, ಆ ಸ್ಕ್ಯಾನ್ ಮಷೀನು ತಪ್ಪು ತೋರಿಸುತ್ತಾ?"

"ಎಷ್ಟು ತಪ್ಪು?"

"ಎರಡು ವಾರ."

ದೊಡ್ಡಮ್ಮ ಪೆನ್ನು ಕೆಳಗಿಟ್ಟರು. ಅವರನ್ನು ನೋಡಿದರು, ಟೀಚರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಕಾರ್ಡಿನೊಳಗೆ ಮುಖ ಹುದುಗಿಸಿದೆ. ಆ ಒಂದು ಜಾಗ ಖಾಲಿಯೇ ಇತ್ತು.

"ಕೇಳಿ," ಅಂದರು ಟೀಚರ್, ಗಂಡನ ಕಡೆ ತಿರುಗದೆ. "ಮನೇಲಿ ನಾಲ್ಕು ದಿನ ಬಾಯಿ ಬಿಡಲಿಲ್ಲ. ಮಾತಿಲ್ಲ, ಊಟಕ್ಕೆ ಜೊತೆಗೆ ಕೂರಲ್ಲ. ನನಗೆ ಅರ್ಥ ಆಗಲ್ಲ ಅಂದ್ಕೊಂಡ್ರಾ? ಇಲ್ಲಾದ್ರೂ ಬಾಯಿಬಿಟ್ಟು ಕೇಳಿ."

ಗಂಡ ಕೇಳಲಿಲ್ಲ.

ದೊಡ್ಡಮ್ಮ ಎದ್ದು ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹಾಸಿದರು. ಗಂಡನಿಗೆ ಕುರ್ಚಿ ತೋರಿಸಿ, ಕೈಗೆ ಪೆನ್ಸಿಲ್ ಕೊಟ್ಟರು. ಆಮೇಲೆ ಟೀಚರಿಗೆ ತಮ್ಮ ಆ ಪ್ರಶ್ನೆ ಕೇಳಿದರು, ಕೊನೆಯ ಸಲ ಮುಟ್ಟಾದ ಮೊದಲ ದಿನ ಯಾವತ್ತಮ್ಮಾ ಅಂತ.

"ಇವರು ಫೋನ್ ಮಾಡಿ ಟಿಕೆಟ್ ಸಿಕ್ತು, ಬರ್ತಾ ಇದ್ದೀನಿ ಅಂದ್ರಲ್ಲ, ಅವತ್ತು. ಬಿಸಿನೀರಿನ ಚೀಲ ಹೊಟ್ಟೆ ಮೇಲೆ ಇಟ್ಕೊಂಡು ಮಾತಾಡ್ತಿದ್ದೆ. ಯಾಕೆ ದನಿ ಹೀಗಿದೆ ಅಂತ ಇವರೇ ಕೇಳಿದ್ರು."

ಗಂಡ ತಲೆ ಎತ್ತಿದರು. "ಹದಿನೇಳನೇ ತಾರೀಖು. ಗುರುವಾರ," ಅಂದರು. ಹಡಗಿನಲ್ಲಿ ಗಂಟೆಗಂಟೆಗೂ ಪುಸ್ತಕದಲ್ಲಿ ಬರೆದಿಡುವ ಮನುಷ್ಯ, ಯಾವ ತಾರೀಖನ್ನೂ ಮರೆಯುವವರಲ್ಲ. "ಹೊಟ್ಟೆನೋವು ಅಂದಿದ್ದೆ ನೀನು."

ಅಲ್ಲಿಂದ ಎಣಿಸಿ ಅಂದರು ದೊಡ್ಡಮ್ಮ. ಪೆನ್ಸಿಲ್ ಹದಿನೇಳರ ಮೇಲೆ ಕೂತಿತು, ಗುರುವಾರದಿಂದ ಗುರುವಾರಕ್ಕೆ ಹಾರುತ್ತಾ ಹೋಯಿತು. ಒಂದು, ಎರಡು. ಎರಡನೇ ಗುರುವಾರಕ್ಕೆ ಎರಡು ದಿನ ಮುಂಚೆ, ಇಪ್ಪತ್ತೊಂಬತ್ತರ ಮೇಲೆ ಪೆನ್ಸಿಲ್ ಸ್ವಲ್ಪ ತಡೆಯಿತು, ಅದು ಅವರು ಮನೆಗೆ ಬಂದ ದಿನ. ಮತ್ತೆ ಹೊರಟಿತು. ಸ್ಕ್ಯಾನ್ ಆದ ಗುರುವಾರಕ್ಕೆ ಬಂದು ನಿಂತಾಗ ಅವರ ಬಾಯಲ್ಲಿ ಒಂಬತ್ತು ಅಂತ ಬಂತು.

"ಮೊದಲ ಎರಡು ವಾರ ನೀವೆಲ್ಲಿದ್ರಿ?" ಅಂತ ಕೇಳಿದರು ದೊಡ್ಡಮ್ಮ.

"ಹಡಗಲ್ಲಿ."

"ಮಗು ಎಲ್ಲಿತ್ತು?"

ಉತ್ತರಕ್ಕೆ ಕಾಯದೆ ದೊಡ್ಡಮ್ಮನೇ ಹೇಳಿದರು.

"ಎಲ್ಲೂ ಇರಲಿಲ್ಲ. ಮಗು ಯಾವತ್ತು ನಿಂತಿತು ಅಂತ ಯಾರಿಗೂ ಗೊತ್ತಿರಲ್ಲ. ಹೆಂಗಸಿಗೆ ಖಚಿತವಾಗಿ ಗೊತ್ತಿರೋದು ಮುಟ್ಟಾದ ದಿನ ಒಂದೇ. ಅದಕ್ಕೆ ನಾವು ಡಾಕ್ಟರುಗಳು ಅಲ್ಲಿಂದ ಎಣಿಸ್ತೀವಿ. ಮಗು ನಿಲ್ಲೋದು ಅದಾಗಿ ಸುಮಾರು ಎರಡು ವಾರಕ್ಕೆ. ಮಷೀನು ಮಗುವಿನ ಉದ್ದ ಅಳೆದು ನಮ್ಮ ಲೆಕ್ಕಾನೇ ಹೇಳುತ್ತೆ. ಆ ಮೊದಲ ಎರಡು ವಾರ ಇದೆಯಲ್ಲ, ಅದು ಲೆಕ್ಕಕ್ಕುಂಟು, ಹೊಟ್ಟೆಯಲ್ಲಿಲ್ಲ. ಎಲ್ಲರಿಗೂ ಅಷ್ಟೇ. ನನ್ನ ಮಕ್ಕಳಿಗೂ ಅಷ್ಟೇ ಇತ್ತು."

ನಾನು ಇಡೀ ಸೆಮಿಸ್ಟರ್ ಪ್ರಾಬಬಿಲಿಟಿ ಓದಿದವಳು, ಇಷ್ಟು ಗೊತ್ತಿರಲಿಲ್ಲ. ಗಂಡ ಪೆನ್ಸಿಲ್ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ದೊಡ್ಡಮ್ಮ ಅವರನ್ನು ಬೈಯಲಿಲ್ಲ. ಕುರ್ಚಿ ಟೀಚರ್ ಕಡೆ ಎಳೆದುಕೊಂಡು, ಅವರ ಒಣಗಿದ ಕೈ ಹಿಡಿದರು.

"ತಪ್ಪು ನನ್ನದಮ್ಮಾ. ಇದನ್ನ ಅವತ್ತೇ ಕೂರಿಸಿಕೊಂಡು ಹೇಳಬೇಕಿತ್ತು. ಬರೀ ಕಾಗದ ಕೊಟ್ಟು ಕಳಿಸಿಬಿಟ್ಟೆ."

ಕೊಟ್ಟವಳು ನಾನು ಅಂತ ಹೇಳಲು ಬಾಯಿ ತೆರೆದೆ. ದೊಡ್ಡಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಟೀಚರ್ ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಬಂತು, ಮೂಗು ಕಣ್ಣು ಎಲ್ಲಾ ಒಟ್ಟಿಗೆ. ಸಿಸ್ಟರ್ ಹತ್ತಿಯ ಸುರುಳಿಯನ್ನೇ ತಂದು ಕೈಗಿಟ್ಟರು. ಗಂಡ ಏನೋ ಹೇಳಲು ಹೋದಾಗ ಟೀಚರ್ ಕೈ ಎತ್ತಿ ತಡೆದರು.

"ಇವರ ಜೊತೆ ಹದಿನೈದು ನಿಮಿಷ ಮಾತಾಡಬೇಕು ಮೇಡಂ. ಮನೇಲಿ ಅತ್ತೆ ಇರ್ತಾರೆ, ಅಲ್ಲಿ ಆಗಲ್ಲ."

ದೊಡ್ಡಮ್ಮ ಅವರಿಗೆ ಒಂದು ಲೋಟ ಉಪ್ಪು ಸಕ್ಕರೆ ಬೆರೆಸಿದ ನೀರು ಕೊಟ್ಟು, ಗುಟುಕು ಗುಟುಕಾಗಿ ಕುಡಿಯಿರಿ, ಒಂದೇ ಸಲ ಬೇಡ, ಇದೂ ನಿಲ್ಲದಿದ್ದರೆ ಡ್ರಿಪ್ ಹಾಕುತ್ತೇನೆ ಅಂತ ಹೇಳಿದರು. ಸ್ಟೆತಸ್ಕೋಪ್ ಎತ್ತಿಕೊಂಡು ತಮ್ಮ ಕೋಣೆಯಿಂದ ತಾವೇ ಹೊರಗೆ ಬಂದರು. ನಾನು, ಸಿಸ್ಟರ್ ಹಿಂದೆ. ಬಾಗಿಲು ಮುಚ್ಚಿತು.

ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ದೊಡ್ಡಮ್ಮ ಬೆಂಚಿನ ತುದಿಯಲ್ಲೇ ಜಾಗ ಮಾಡಿಕೊಂಡು, ಬಿಪಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ನೋಡಲು ಶುರು ಮಾಡಿದರು. ಹೊಟ್ಟೆ ಮುಟ್ಟಿ ನೋಡಬೇಕಾದವರನ್ನು ಸಿಸ್ಟರ್ ಬಟ್ಟೆ ಬದಲಾಯಿಸುವ ಕೋಣೆಗೆ ಸಾಗಿಸಿದರು, ಇದೇನು ಆಸ್ಪತ್ರೆಯೋ ಬಸ್ ಸ್ಟ್ಯಾಂಡೋ ಅಂತ ಗೊಣಗುತ್ತಲೇ. ಹದಿನೈದು ನಿಮಿಷ ಕಳೆಯಿತು, ಅರ್ಧ ಗಂಟೆಯೂ ಕಳೆಯಿತು. ಒಳಗಿಂದ ಟೀಚರ ದನಿ ಒಂದೇ ಸಮ ಕೇಳುತ್ತಿತ್ತು, ಏನು ಅಂತ ತಿಳಿಯುತ್ತಿರಲಿಲ್ಲ, ನಡುನಡುವೆ ಗಂಡನ ಚಿಕ್ಕ ಚಿಕ್ಕ ಉತ್ತರ. ಬಾಗಿಲು ತಟ್ಟಲಾ ಅಂತ ಸಿಸ್ಟರ್ ಎರಡು ಸಲ ಕೇಳಿದರು. ದೊಡ್ಡಮ್ಮ ಬೇಡ ಅಂತ ತಲೆಯಾಡಿಸಿ, ಮುಂದಿನವರ ತೋಳಿಗೆ ಪಟ್ಟಿ ಸುತ್ತಿದರು.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಗಂಡ ಹೊರಗೆ ಬಂದು, ಖಾಲಿ ಲೋಟವನ್ನು ತಾವೇ ತೊಳೆದು ತಂದು ಸಿಸ್ಟರ್ ಕೈಗೆ ಕೊಟ್ಟರು. ಅವರ ಮೂಗು ಕೆಂಪಗಿತ್ತು. ಟೀಚರ್ ಹಿಂದೆ ಬಂದರು, ಮುಖ ತೊಳೆದುಕೊಂಡಿದ್ದರು. ದೊಡ್ಡಮ್ಮ ನಾಡಿ ಹಿಡಿದು ನೋಡಿ, ಈಗ ಹೇಗಮ್ಮಾ ಅಂತ ಕೇಳಿದರು. ನೀರು ನಿಂತಿದೆಯಾ ಅಂತ ಕೇಳಿದ್ದು ಅಂತ ನಾನು ಅಂದುಕೊಂಡೆ, ಆದರೆ ಟೀಚರ್ ಸ್ವಲ್ಪ ಯೋಚನೆ ಮಾಡಿ ಉತ್ತರ ಕೊಟ್ಟರು.

"ಪೂರ್ತಿ ಸರಿ ಆಗಿಲ್ಲ ಮೇಡಂ. ಇನ್ನೂ ಸಿಟ್ಟಿದೆ. ಆದ್ರೆ ಹಸಿವಾಗ್ತಾ ಇದೆ."

ದೊಡ್ಡಮ್ಮ ನನ್ನ ಕೈಯಿಂದ ಕಾರ್ಡ್ ತೆಗೆದುಕೊಂಡರು. ಖಾಲಿ ಇದ್ದ ಜಾಗದಲ್ಲಿ ಹದಿನೇಳನೇ ತಾರೀಖು ತುಂಬಿದರು, ಅದರ ಕೆಳಗೆ ಮಾತ್ರೆಯ ಹೆಸರು ಬರೆಯುವ ಮುಂಚೆ, ಹಸಿವು ಇದೆ ಅಂತ ಬರೆದರು.