ಬದುವಿನ ಸಾಲು ಹಿಡಿದವಳು

ದೆವ್ವ ಕಂಡಿತು, ಯಾರೋ ಹೆಸರು ಹಿಡಿದು ಕರೆದರು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ನಮ್ಮತ್ತೆ ಇಂಥ ಕಥೆಗಳ ಕಣಜ. ಅವರು ಶುರು ಮಾಡಿದರೆ ಸಾಕು, ‘ಅವು ನಿಮಗೇ ಯಾಕೆ ಕಾಣ್ತವೆ, ನನಗ್ಯಾಕೆ ಕಾಣಲ್ಲ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಕೇಳುವ ಧೈರ್ಯ ನನಗಿಲ್ಲ. ಹಾಗಂತ ಎಲ್ಲವನ್ನೂ ನಂಬಿಬಿಟ್ಟಿದ್ದೇನೆ ಎಂದೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ಏನಾದರೂ ಅಂದುಕೊಳ್ಳಿ. ಅದು ನಡೆದದ್ದು ಹಾಡಹಗಲೇ, ಅಷ್ಟೊಂದು ಜನರ ನಡುವೆ. ರಾತ್ರಿ ಒಬ್ಬಳೇ ಇದ್ದಾಗ ನಡೆದಿದ್ದರೆ, ಹೆದರಿಕೆಗೆ ಏನೋ ಕಂಡಿರಬೇಕು ಎಂದು ಎಂದೋ ಮರೆತುಬಿಡುತ್ತಿದ್ದೆ.

ನಮ್ಮದು ತಾಳಗುಂದದ ಹತ್ತಿರದ ಒಂದು ಹಳ್ಳಿ. ಗೋವಿನಜೋಳವೇ ಇಲ್ಲಿ ಮುಖ್ಯ ಬೆಳೆ. ಊರಿನ ರೈತರಿಗೆ ಹವಾಮಾನದ ಸುದ್ದಿ ಮುಟ್ಟಿಸುವುದು ನನ್ನ ಕೆಲಸ. ಇಲಾಖೆಯವರು ಹಾಕುವ ಮುನ್ಸೂಚನೆ ಓದಿ, ಮೋಡದ ಚಿತ್ರ ನೋಡಿ, ಜೋಳ ಯಾವಾಗ ಹರವಬೇಕು, ಯಾವಾಗ ತಾಡಪಾಲು ಮುಚ್ಚಬೇಕು, ಔಷಧಿ ಹೊಡೆಯಲು ಯಾವ ದಿನ ಒಳ್ಳೆಯದು ಎಂಬುದನ್ನು ನನ್ನ ದನಿಯಲ್ಲೇ ಹೇಳಿ ಊರಿನ ಮೊಬೈಲ್ ಗ್ರೂಪಿಗೆ ಕಳಿಸುತ್ತೇನೆ. ಮೊದಮೊದಲು ಗೇಲಿ ಮಾಡಿ ‘ಮಳೆಯಕ್ಕ’ ಎಂದು ಹೆಸರಿಟ್ಟರು. ಹೇಳಿದ್ದು ನಾಲ್ಕಾರು ಸಲ ಹೇಳಿದ ಹಾಗೇ ಆದಮೇಲೆ ಅದೇ ಮರ್ಯಾದೆಯ ಹೆಸರಾಯಿತು. ನನಗೂ ಸ್ವಲ್ಪ ಜಂಭ ಬಂದಿತ್ತು ಎನ್ನಿ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದಿತು. ಅದು ಕರಾವಳಿಗೆ ಹತ್ತಿರವಾಗುತ್ತಿದೆ, ಸೊರಬದ ಕಡೆ ಭಾರೀ ಮಳೆ, ಜೊತೆಗೆ ಬಿರುಗಾಳಿ ಎಂದು ಮುನ್ಸೂಚನೆ ಬಂತು. ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮಕ್ಕನ ಮನೆಯಿದೆ. ಅವಳ ಭತ್ತ ಹಣ್ಣಾಗಿ ನಿಂತಿತ್ತು. ಬಿರುಗಾಳಿಗೆ ಸಿಕ್ಕಿದರೆ ಮಲಗಿಬಿಡುತ್ತದೆ, ಮಲಗಿದ ತೆನೆ ನೀರಿನಲ್ಲೇ ಮೊಳಕೆ ಒಡೆಯುತ್ತದೆ. ಹಿಂದಿನ ವಾರವಷ್ಟೇ ಅಕ್ಕ ತನ್ನೂರಿನ ಹೆಂಗಸರನ್ನು ಕರೆದುಕೊಂಡು ಬಂದು ನಮ್ಮ ಜೋಳ ಮುರಿದುಕೊಟ್ಟು ಹೋಗಿದ್ದಳು. ನಮ್ಮಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಕೂಲಿ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ನೀವು ನಮ್ಮ ಹೊಲಕ್ಕೆ ಬಂದರೆ ನಾವು ನಿಮ್ಮ ಗದ್ದೆಗೆ ಬರಬೇಕು. ಮುಯ್ಯಿ ಬರಬೇಕಿರುವವರು ಹಿಂದಿನ ಸಂಜೆ ಬಾಗಿಲಿಗೆ ಬಂದು ‘ನಾಳೆ ಬರ್ರಿ’ ಎಂದರೆ ಮುಗಿಯಿತು, ಇಲ್ಲ ಎನ್ನುವಂತಿಲ್ಲ. ಅಕ್ಕ ಬಾಗಿಲಿಗೆ ಬರಲಿಲ್ಲ, ಫೋನ್ ಮಾಡಿದಳು.

ನಾನು ಮತ್ತೆ ಮತ್ತೆ ನಕ್ಷೆ ನೋಡಿದೆ. ಗಾಳಿಮಳೆ ಸಂಜೆಯ ಮೇಲೆ ಎಂದೇ ಇತ್ತು. ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನದವರೆಗೆ ಕೊಯ್ದು, ಕಂತೆಕಂತೆಯಾಗಿ ಸಿವುಡು ಕಟ್ಟಿ, ಹೊತ್ತು ಮುಳುಗುವ ಮುಂಚೆ ಬಣವೆ ಹಾಕಿ ತಾಡಪಾಲು ಹೊದಿಸಿಬಿಡೋಣ ಎಂದು ಲೆಕ್ಕ ಹಾಕಿದೆ.

‘ಬಿರುಗಾಳಿ ಬರ್ತೈತಿ ಅಂತ ಊರಿಗೆಲ್ಲ ಸಾರೋಳು ನೀನೇ, ಜನಾನ ಗದ್ದಿಗೆ ಕರ್ಕಂಡು ಹೋಗೋಳೂ ನೀನೇ?’ ಎಂದರು ನಮ್ಮತ್ತೆ.

‘ಸಂಜೆ ಮ್ಯಾಲೆ ಬರೋದತ್ತಿ. ಮುಂಚೆ ಬಂದ್ರೂ ಗದ್ದೆ ಅಂಚಿಗೆ ತಗಡಿನ ಶೆಡ್ ಐತಲ್ಲ’ ಎಂದೆ.

ಬೆಳಗಿನ ಮಬ್ಬಿನಲ್ಲಿ ನಾನು, ನಮ್ಮೂರಿನ ಒಂದಷ್ಟು ಹೆಂಗಸರು ಲಗೇಜ್ ಆಟೋ ಹತ್ತಿ, ಶಿರಾಳಕೊಪ್ಪ ದಾಟಿ ಹೋದೆವು. ನಮ್ಮ ಜೊತೆ ಪಕ್ಕದ ಮನೆಯ ಸವಿತಾ ಕೂಡ ಬಂದಳು. ಅವಳ ಮಗಳು ಇನ್ನೂ ಎದೆಹಾಲು ಕುಡಿಯುವ ಕೂಸು, ಬಿಟ್ಟು ಬರುವ ಹಾಗಿರಲಿಲ್ಲ. ‘ಬಾರೇ, ಶೆಡ್ಡಿನಲ್ಲಿ ಜೋಳಿಗೆ ಕಟ್ಟಿ ಮಲಗಿಸಿದರಾಯಿತು’ ಎಂದು ಅವಳನ್ನು ಹೊರಡಿಸಿದವಳು ನಾನೇ. ಅಕ್ಕನ ಗದ್ದೆ ಊರಿನಿಂದ ಸ್ವಲ್ಪ ದೂರ, ಹಳ್ಳದ ಆಚೆ. ಬದುವಿನ ಮೇಲೆ ದೊಡ್ಡದೊಂದು ಮತ್ತಿ ಮರ, ಅದರ ಬುಡದಲ್ಲೇ ಶೆಡ್. ನಾವು ಮುಟ್ಟುವ ಹೊತ್ತಿಗೆ ಅಕ್ಕನ ಊರಿನ ಹೆಂಗಸರು ಆಗಲೇ ಸೆರಗು ಸಿಕ್ಕಿಸಿ ನಿಂತಿದ್ದರು. ಭಾವ ಬಣವೆಯ ಜಾಗ ಹಸನು ಮಾಡಲು ಮನೆಯಲ್ಲೇ ಉಳಿದಿದ್ದರು.

ಕೊಯ್ಲಿನ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತಾರೆ. ಬದುವಿನ ಪಕ್ಕದ ಸಾಲು ಮಾತ್ರ ಅನುಭವಸ್ಥರದು. ಅವರ ಕೈ ಹೇಗೆ ಓಡುತ್ತದೋ ಉಳಿದವರ ಕೈಯೂ ಹಾಗೇ ಓಡಬೇಕು. ಅವರು ಎದ್ದರೆ ಎಲ್ಲರೂ ಏಳುತ್ತಾರೆ, ಅವರು ಬಗ್ಗಿದರೆ ಬಗ್ಗುತ್ತಾರೆ. ಆ ದಿನ ಬದುವಿನ ಸಾಲು ಹಿಡಿದಿದ್ದವಳು ಒಬ್ಬಳು ವಯಸ್ಸಾದ ಹೆಂಗಸು. ಬಿಸಿಲಿಲ್ಲದಿದ್ದರೂ ತಲೆತುಂಬ ಸೆರಗು ಹೊದ್ದಿದ್ದಳು. ಅಕ್ಕನ ಊರಿನ ಹಿರಿಯಳಿರಬೇಕು ಅಂದುಕೊಂಡೆ. ಒಳ್ಳೆಯ ಕೈ. ಅವಳ ಓಟಕ್ಕೆ ನಮಗೆಲ್ಲ ಉಸಿರು ಬಿಡಲು ಪುರುಸೊತ್ತಿರಲಿಲ್ಲ.

ಹೊತ್ತು ಏರಿದಂತೆ ಸೆಕೆ ಹೆಚ್ಚಿತು. ಎಲೆ ಅಲುಗಾಡುತ್ತಿರಲಿಲ್ಲ. ಭತ್ತದ ಧೂಳಿಗೆ ಮೈ ಕಡಿದು ಎಲ್ಲರೂ ತುರಿಸಿಕೊಳ್ಳುತ್ತಿದ್ದೆವು. ಅವಳೊಬ್ಬಳು ತುರಿಸಿಕೊಂಡದ್ದನ್ನು ನಾನು ನೋಡಲಿಲ್ಲ. ಊಟದ ಹೊತ್ತಿಗೆ ನಮ್ಮವರು ಒಂದು ಕಡೆ, ಅಕ್ಕನ ಊರಿನವರು ಒಂದು ಕಡೆ ಕೂತರು. ಅವಳು ಮಾತ್ರ ಬದುವಿನ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದಳು. ನಾನೇ ಚೊಂಬಿನಲ್ಲಿ ಮಜ್ಜಿಗೆ ಒಯ್ದು ಕೊಟ್ಟೆ. ಎತ್ತಿ ಕುಡಿದಳು. ಚೊಂಬು ವಾಪಸ್ ಕೊಡುತ್ತ, ‘ಎಷ್ಟೊತ್ತಿಗಂತೆ?’ ಎಂದು ಕೇಳಿದಳು.

‘ಸಂಜೆ ಮ್ಯಾಲಂತೆ ಅವ್ವ’ ಎಂದೆ. ‘ಹೌದಾ’ ಎಂದಳು. ಅವಳ ಬಾಯಿಂದ ನಾನು ಕೇಳಿದ್ದು ಇಷ್ಟೇ. ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಚೊಂಬು ಹಿಡಿದ ಕೈಯಷ್ಟೇ ನೆನಪಿಗೆ ಬರುತ್ತದೆ.

ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಇನ್ನೂ ಅರ್ಧ ಗದ್ದೆ ನಿಂತಿತ್ತು, ಕೊಯ್ದ ಪೈರಿನ ಅರಿ ಇನ್ನೂ ಸಿವುಡು ಕಟ್ಟದೆ ನೆಲದ ಮೇಲೇ ಹರಡಿಕೊಂಡಿತ್ತು. ಆಗ ಬದುವಿನ ಸಾಲಿನವಳು ನೆಟ್ಟಗೆ ನಿಂತಳು. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರಿಗೂ ಏನೂ ಹೇಳದೆ, ಬದು ಹತ್ತಿ, ಹಳ್ಳದ ಕಡೆಗೆ ನಡೆದೇಬಿಟ್ಟಳು.

ರೂಢಿ ಎಂಥದ್ದು ನೋಡಿ. ಅವಳು ಎದ್ದ ಕೂಡಲೇ ಸಾಲುಸಾಲಾಗಿ ಎಲ್ಲರೂ ಎದ್ದರು. ಒಬ್ಬರ ಮುಖ ಒಬ್ಬರು ನೋಡಿದರು, ಬುತ್ತಿಯ ಚೀಲ ತೆಗೆದುಕೊಂಡು ಅವಳ ಹಿಂದೆ ಹೊರಟರು. ನನಗೆ ಸಿಟ್ಟು ನೆತ್ತಿಗೇರಿತು. ಮೊಬೈಲ್ ತೆಗೆದು ನೋಡಿದೆ. ಮಳೆಯ ಮೋಡವೆಲ್ಲ ಇನ್ನೂ ಸಮುದ್ರದ ಮೇಲೇ ಇತ್ತು.

‘ಎಲ್ಲಿಗ್ರೇ ಹೊಂಟ್ರಿ? ಇನ್ನೂ ಟೈಮ್ ಐತಿ! ಅರಿ ಎಲ್ಲ ಹಂಗೇ ಬಿದ್ದೈತಿ!’ ಎಂದು ಕೂಗಿದೆ.

ಅಕ್ಕನೇ ಹೊರಟು ನಿಂತಿದ್ದಳು. ಅವಳ ಒಂದು ವರ್ಷದ ಅನ್ನ ಅಲ್ಲಿ ನೆಲದ ಮೇಲಿತ್ತು. ‘ಬದುವಿನ ಸಾಲಿನೋರು ಎದ್ದಾಯ್ತಲ್ಲೇ. ಇನ್ನೆಂತ ಮಾಡದು, ಬಾ’ ಎಂದಳು.

ಸವಿತಾ ಶೆಡ್ಡಿನ ಬಾಗಿಲಲ್ಲಿ ಅನುಮಾನಿಸುತ್ತ ನಿಂತಿದ್ದಳು. ಕೂಸು ಜೋಳಿಗೆಯಲ್ಲಿ ಗಾಢ ನಿದ್ದೆಯಲ್ಲಿತ್ತು. ‘ಎಬ್ಬಿಸಬ್ಯಾಡ ಕಣೇ, ಮಲಗ್ಲಿ. ಅವರು ಹೋದ್ರೆ ಹೋಗ್ಲಿ, ನಾವು ಇದ್ದಷ್ಟು ಸಿವುಡು ಕಟ್ಟಾಣ’ ಎಂದೆ. ಅವಳು ನನ್ನನ್ನು ನೋಡಿದಳು. ದೂರದಲ್ಲಿ ಹಳ್ಳ ಇಳಿಯುತ್ತಿದ್ದ ಆ ಸೆರಗನ್ನು ನೋಡಿದಳು. ಒಳಗೆ ಹೋಗಿ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಓಡುತ್ತ ಹೋದಳು. ನಾನೊಬ್ಬಳೇ ನಿಂತು ಏನು ಮಾಡಲಿ? ಬಾಯಿಗೆ ಬಂದದ್ದು ಬೈಯುತ್ತ ಹಿಂದೆ ನಡೆದೆ.

ಹಳ್ಳ ದಾಟಿ ದಿಬ್ಬ ಹತ್ತುವಾಗ ಪಡುವಣ ಕಡೆ ಒಮ್ಮೆಲೇ ಕಪ್ಪಾಯಿತು. ಮಳೆಗಿಂತ ಮೊದಲು ಗಾಳಿ ಬಂತು. ಲಾರಿ ಬಂದ ಹಾಗೆ ಸದ್ದು ಬಂತು, ತಿರುಗಿ ನೋಡುವಷ್ಟರಲ್ಲಿ ಕಣ್ಣಿಗೆಲ್ಲ ಧೂಳು. ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಲಕ್ಕೆ ಕೂತೆವು. ಕಣ್ಣು ಬಿಟ್ಟಾಗ ಅಕ್ಕ ನನ್ನ ರಟ್ಟೆ ಹಿಡಿದು ಗದ್ದೆಯ ಕಡೆ ತೋರಿಸುತ್ತಿದ್ದಳು. ಮತ್ತಿ ಮರ ಬುಡಸಮೇತ ಶೆಡ್ಡಿನ ಮೇಲೆ ಒರಗಿತ್ತು. ತಗಡುಗಳು ಮುದ್ದೆಯಾಗಿ ಒಳಕ್ಕೆ ಕುಸಿದಿದ್ದವು. ಜೋಳಿಗೆಯ ಸೀರೆಯ ಒಂದು ತುದಿ ಮಾತ್ರ ಹೊರಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಸವಿತಾ ಅಳಲೂ ಇಲ್ಲ. ಕೂಸಿನ ತಲೆಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತ ಕೂತಳು. ನನಗೆ ಅವಳ ಕಣ್ಣು ಎದುರಿಸಲು ಆಗಲಿಲ್ಲ. ಆಮೇಲೆ ಮಳೆ ಹಿಡಿಯಿತು.

ಅಕ್ಕನ ಮನೆಯ ಜಗುಲಿಯಲ್ಲಿ ತೊಯ್ದು ತೊಪ್ಪೆಯಾಗಿ ಕೂತಿದ್ದೆವು. ಭಾವ ಎಲ್ಲರಿಗೂ ಟೀ ಕೊಟ್ಟರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಅಕ್ಕನನ್ನು ಕೇಳಿದೆ: ‘ನಿಮ್ಮ ಆ ಅಜ್ಜಿ ಎಲ್ಲೇ? ಕಾಲಿಗೆ ಬೀಳಬೇಕು ನಾನು.’

‘ಯಾವ ಅಜ್ಜಿ?’

‘ಬದುವಿನ ಸಾಲು ಹಿಡಿದಿದ್ರಲ್ಲ, ಅವರು.’

ಅಕ್ಕ ಟೀ ಲೋಟ ಕೆಳಗಿಟ್ಟಳು. ‘ಅವ್ರು ನಮ್ಮೂರಿನೋರಲ್ಲ ಮಾರಾಯ್ತಿ. ನಿಮ್ ಜೊತೆ ಬಂದೋರಲ್ವಾ?’

ಜಗುಲಿಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕೇಳಿದೆವು. ಅಕ್ಕನ ಊರಿನವರು ಅವಳನ್ನು ನಮ್ಮವಳು ಅಂದುಕೊಂಡಿದ್ದರು, ನಾವು ಅವರವಳು ಅಂದುಕೊಂಡಿದ್ದೆವು. ಅವಳು ಆಟೋದಲ್ಲಿ ನಮ್ಮ ಜೊತೆ ಇರಲಿಲ್ಲ. ಅಕ್ಕನವರ ಜೊತೆ ಹಳ್ಳ ದಾಟಿಯೂ ಬಂದಿರಲಿಲ್ಲ. ಎರಡು ಗುಂಪೂ ಸೇರಿ ಸಾಲು ಹಿಡಿಯುವಾಗ ಅವಳು ಅಲ್ಲಿದ್ದಳು, ಅಷ್ಟೇ. ಅವಳು ಹಳ್ಳ ಇಳಿದದ್ದನ್ನು ಎಲ್ಲರೂ ನೋಡಿದ್ದಾರೆ, ಆಚೆ ದಡ ಹತ್ತಿದ್ದನ್ನು ಯಾರೂ ನೋಡಿಲ್ಲ. ಮಳೆಯಲ್ಲೇ ಭಾವ ಹಗ್ಗ ತೆಗೆದುಕೊಂಡು ಹಳ್ಳದುದ್ದಕ್ಕೂ ಹುಡುಕಿ ಬಂದರು. ಯಾರೂ ಸಿಗಲಿಲ್ಲ.

ಎರಡು ದಿನ ಬಿಟ್ಟು ಗದ್ದೆಗೆ ಹೋದೆವು. ಅಕ್ಕನ ಭತ್ತ ಬಹುಪಾಲು ಹಾಳಾಗಿತ್ತು, ಆ ವರ್ಷ ಅವರು ಅಕ್ಕಿ ಕೊಂಡೇ ಉಂಡರು. ಬದುವಿನ ಸಾಲು ಅವಳು ಎದ್ದ ಜಾಗದವರೆಗೂ ಚೊಕ್ಕವಾಗಿ ಕೊಯ್ದಾಗಿತ್ತು. ಹಾಗಾಗಿ ಕಣ್ಕಟ್ಟು ಎನ್ನುವಂತಿಲ್ಲ. ಯಾವುದೋ ಬೇರೆ ಊರಿನ ಕೊಯ್ಲಿನವಳು ದಾರಿ ತಪ್ಪಿ ನಮ್ಮ ಸಾಲಿಗೆ ಬಂದಿರಬಹುದು, ಗದ್ದೆ ಬೇರೆ ಎಂದು ತಿಳಿದ ಮೇಲೆ ನಾಚಿ ಎದ್ದು ಹೋಗಿರಬಹುದು ಎಂದು ನಾನೇ ವಾದ ಹೂಡಿದೆ. ಸುತ್ತಲಿನ ಊರುಗಳಲ್ಲಿ ವಿಚಾರಿಸಿದೆವು. ಬಿರುಗಾಳಿಯ ಸುದ್ದಿಗೆ ಹೆದರಿ ಆ ದಿನ ಬೇರೆ ಯಾರೂ ಗದ್ದೆಗೆ ಇಳಿದೇ ಇರಲಿಲ್ಲವಂತೆ.

ಸವಿತಾಳ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ನಮ್ಮ ಅಂಗಳದಲ್ಲೇ ಆಡುತ್ತಾಳೆ, ಅವಳನ್ನು ಕಂಡಾಗೆಲ್ಲ ನನಗೆ ಆ ಜೋಳಿಗೆಯ ತುದಿ ನೆನಪಾಗುತ್ತದೆ. ಹವಾಮಾನದ ಸುದ್ದಿ ಕಳಿಸುವುದನ್ನು ನಾನು ಬಿಟ್ಟಿಲ್ಲ, ಆದರೆ ಹೊತ್ತು ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ನಡೆದದ್ದನ್ನೆಲ್ಲ ಕೇಳಿದ ದಿನ ನಮ್ಮತ್ತೆ ಯಾವ ಕಥೆಯನ್ನೂ ಹೇಳಲಿಲ್ಲ. ‘ಒಂದು ದಿನದ ಆಳು ಬಂದು ಹೋಗ್ಯಾಳೆ. ಅವಳ ಮುಯ್ಯಿ ನಿಮ್ಮ ಮ್ಯಾಲೈತಿ’ ಎಂದರು.

ಅವರು ಅಂದದ್ದು ಅಷ್ಟೇ. ಆಗ ನಾನು ನಕ್ಕಿದ್ದೆ. ಈಗ ಸಮುದ್ರದಲ್ಲಿ ಮತ್ತೆ ಚಂಡಮಾರುತ ಎದ್ದಿದೆ ಎಂಬ ಸುದ್ದಿ ಬಂದಾಗೆಲ್ಲ, ಗ್ರೂಪಿಗೆ ಸಂದೇಶ ಕಳಿಸಿ ಮೊಬೈಲ್ ಕೆಳಗಿಟ್ಟ ಮೇಲೆ, ಬಾಗಿಲಿಗೆ ಯಾರಾದರೂ ಬಂದರೇನೋ ಎಂದು ಕಿವಿಗೊಟ್ಟು ಕೂರುತ್ತೇನೆ. ತಲೆತುಂಬ ಸೆರಗು ಹೊದ್ದವಳೊಬ್ಬಳು ಹೊಸ್ತಿಲಾಚೆ ನಿಂತು ‘ನಾಳೆ ನಮ್ ಗದ್ದೆಗೆ ಬಾರವ್ವ’ ಎಂದರೆ, ಇಲ್ಲ ಎನ್ನುವಂತಿಲ್ಲ. ಆ ಗದ್ದೆ ಎಲ್ಲಿದೆಯೋ ನನಗೆ ಗೊತ್ತಿಲ್ಲ.